ಕಾಣದಷ್ಟು ಸೋರುವ ಸೀಲು

ಸಂಪಿನಿಂದ ತಾರಸಿಯ ಟ್ಯಾಂಕಿಗೆ ನೀರೆತ್ತುವ ಮೋನೋಬ್ಲಾಕ್ ಪಂಪಿಗೆ ಇರುವುದು ಒಂದೇ ಶಾಫ್ಟ್. ಅದರ ಒಂದು ತುದಿ ನೀರಿನಲ್ಲಿ ಇಂಪೆಲ್ಲರನ್ನು ತಿರುಗಿಸುತ್ತದೆ, ಇನ್ನೊಂದು ತುದಿ ಮೋಟಾರಿನೊಳಗಿದೆ. ವೇಗ ನಿಮಿಷಕ್ಕೆ ಸುಮಾರು 2,800 ಸುತ್ತು. ಶಾಫ್ಟ್ ಹಾಯುವ ತೂತನ್ನು ಬಿಗಿದರೆ ಅದು ತಿರುಗದು, ಸಡಿಲ ಬಿಟ್ಟರೆ ನೀರು ಮೋಟಾರಿಗೆ ನುಗ್ಗುತ್ತದೆ.

ಹಳೆಯ ಪಂಪುಗಳಲ್ಲಿ ಈ ತೂತಿಗೆ ಗ್ರೀಸು ಅಥವಾ ಗ್ರಾಫೈಟ್ ಹಿಡಿಸಿದ ಗ್ಲ್ಯಾಂಡ್ ರೋಪ್ ತುರುಕುತ್ತಿದ್ದರು. ಅದರಿಂದ ನೀರು ತೊಟ್ಟಿಕ್ಕುತ್ತಲೇ ಇರಬೇಕು. ತಂಪು ಮಾಡುವುದೂ ಜಾರಿಸುವುದೂ ಆ ಹನಿಗಳೇ. ಸೋರಿಕೆ ನಿಲ್ಲಲಿ ಎಂದು ನಟ್ಟು ಬಿಗಿದವರು ಹಗ್ಗ ಸುಟ್ಟು ಶಾಫ್ಟ್ ಸವೆಸಿಕೊಳ್ಳುತ್ತಿದ್ದರು.

ಈ ಹಗ್ಗದ ಬದಲಿಗೆ ಬಂದ ಮೆಕ್ಯಾನಿಕಲ್ ಸೀಲ್ ಶಾಫ್ಟಿನ ಮೈಯನ್ನು ಉಜ್ಜುವ ಗೋಜಿಗೇ ಹೋಗುವುದಿಲ್ಲ. ಎರಡು ಉಂಗುರಗಳು ಮುಖಕ್ಕೆ ಮುಖ ಕೊಟ್ಟು ಕೂತಿರುತ್ತವೆ. ಒಂದು ಶಾಫ್ಟಿನೊಂದಿಗೆ ತಿರುಗುತ್ತದೆ, ಇನ್ನೊಂದು ಪಂಪಿನ ಮೈಗೆ ಕಚ್ಚಿಕೊಂಡು ಅಲುಗದೆ ನಿಲ್ಲುತ್ತದೆ. ಸಾಮಾನ್ಯವಾಗಿ ಒಂದು ಕಾರ್ಬನ್, ಇನ್ನೊಂದು ಸೆರಾಮಿಕ್ ಅಥವಾ ಸಿಲಿಕಾನ್ ಕಾರ್ಬೈಡ್. ಹಿಂದಿನಿಂದ ಸ್ಪ್ರಿಂಗ್ ಒತ್ತುತ್ತಿರುವುದರಿಂದ ಮುಖ ಸವೆದರೂ ಸಂದು ಬಿಡುವುದಿಲ್ಲ. ಈ ಮುಖಗಳ ಏರುತಗ್ಗು ಒಂದು ಮೈಕ್ರಾನಿನ ಆಸುಪಾಸಿಗೆ ಇಳಿಯುವವರೆಗೆ ಅವನ್ನು ತಿಕ್ಕಿ, ಗಾಜಿನ ಬಿಲ್ಲೆಯಿಟ್ಟು ಬೆಳಕಿನ ಪಟ್ಟೆಗಳಲ್ಲಿ ಪರೀಕ್ಷಿಸುತ್ತಾರೆ.

ನಡುವೆ ಉಳಿಯುವುದು ತೀರಾ ತೆಳುವಾದ ನೀರಿನ ಪೊರೆ. ಅದಿಲ್ಲದಿದ್ದರೆ ಉಂಗುರಗಳು ಒಣಗಿ ಉಜ್ಜಿ ಹಾಳಾಗುತ್ತವೆ. ಅಂದರೆ ಯಾವ ನೀರನ್ನು ತಡೆಯಬೇಕೋ ಅದೇ ನೀರು ಸೀಲಿನ ಜೀವಾಳ! ಹಾಗಾದರೆ ಸೋರದೇ? ಸೋರುತ್ತದೆ. ಆದರೆ ಕಿರಿದಾದ ಸಂದಿನಲ್ಲಿ ಹರಿವು ಸಂದಿನ ಘನಕ್ಕೆ ಅನುಪಾತದಲ್ಲಿರುತ್ತದೆ. ಸಂದು ಅರ್ಧವಾದರೆ ಸೋರಿಕೆ ಎಂಟನೇ ಒಂದು ಭಾಗಕ್ಕೆ ಇಳಿಯುತ್ತದೆ. ಮೈಕ್ರಾನಿನ ಸಂದಿನಿಂದ ಹೊರಬರುವ ಚೂರುಪಾರು ನೀರು ಬಿಸಿಗೆ ಆವಿಯಾಗಿ, ಕಣ್ಣಿಗೇ ಬೀಳುವುದಿಲ್ಲ.

ಪೆಟ್ರೋಲಿಯಂ ಶುದ್ಧೀಕರಣ ಘಟಕಗಳಲ್ಲಿ ಇಷ್ಟು ಸೋರಿಕೆಯೂ ಅಪಾಯಕರವಾಗಬಹುದು. ಅಂಥಲ್ಲಿ ಎರಡು ಸೀಲು ಕೂರಿಸಿ, ನಡುವೆ ಹೆಚ್ಚಿನ ಒತ್ತಡದಲ್ಲಿ ನಿರಪಾಯಕಾರಿ ದ್ರವ ತುಂಬುತ್ತಾರೆ. ಸೋರಿದರೆ ಅದೇ ಸೋರಲಿ ಎಂಬ ಲೆಕ್ಕಾಚಾರ. ನನಗಂತೂ ಇದು ತುಂಬ ಜಾಣತನದ ಉಪಾಯವೆನಿಸುತ್ತದೆ.

ಮನೆಯ ಪಂಪಿನ ಸೀಲು ವಯಸ್ಸಾಗಿ ಸಾಯುವುದಕ್ಕಿಂತ ನಮ್ಮ ಮರೆವಿನಿಂದ ಸಾಯುವುದೇ ಹೆಚ್ಚೇನೋ. ಸಂಪು ಖಾಲಿಯಾದರೂ ಮೋಟಾರು ಓಡುತ್ತಿದ್ದರೆ ಮುಖಗಳು ಕಾಯುತ್ತವೆ, ಸೀಲಿನ ರಬ್ಬರು ಭಾಗ ಸುಡುತ್ತದೆ. ಆಮೇಲೆ ತಣ್ಣೀರು ಬಿದ್ದರೆ ಸೆರಾಮಿಕ್ ಬಿರುಕು ಬಿಡಬಹುದು. ಬೋರಿನ ನೀರಿನ ಮರಳು ಇನ್ನೊಂದು ಶತ್ರು.

ಪಂಪು ಮತ್ತು ಮೋಟಾರಿನ ನಡುವೆ ನೀರು ತೊಟ್ಟಿಕ್ಕತೊಡಗಿದರೆ ತಡಮಾಡಬೇಡಿ. ಎರಡೂ ಉಂಗುರಗಳನ್ನು ಒಟ್ಟಿಗೇ ಬದಲಾಯಿಸಲು ಹೇಳಿ. ನೀರು ಹೊಕ್ಕು ಮೋಟಾರು ಸುಟ್ಟರೆ, ರಿವೈಂಡಿಂಗಿನ ಖರ್ಚು ಸೀಲಿನ ಬೆಲೆಯ ಎಷ್ಟೋ ಪಟ್ಟು.