ಸಿಕ್ಕು ಬಿಡಿಸುವ ಬಗೆ

ಮುಡಿಯನ್ನು ಹೊಗಳದ ಕವಿ ನಮ್ಮಲ್ಲಿ ವಿರಳ. ದುಂಬಿಯ ಸಾಲು, ಕಾರ್ಮುಗಿಲು, ಕಾಳಿಂದಿಯ ಅಲೆ, ನವಿಲಿನ ಗರಿ ಎಂದು ಕೂದಲಿಗೆ ಸಂದ ಉಪಮಾನಗಳನ್ನು ಪಟ್ಟಿ ಮಾಡಹೊರಟರೆ ಈ ಪುಟ ಸಾಲದು. ದ್ರೌಪದಿಯ ಬಿಚ್ಚಿದ ಮುಡಿಯ ಸುತ್ತ ಭಟ್ಟನಾರಾಯಣ ಒಂದು ನಾಟಕವನ್ನೇ ಕಟ್ಟಿ ಅದಕ್ಕೆ ‘ವೇಣೀಸಂಹಾರ’ವೆಂದು ಹೆಸರಿಟ್ಟ. ಆದರೆ ಅಷ್ಟು ವರ್ಷ ಕಟ್ಟದೆ ಬಿಟ್ಟ ಆ ಕೂದಲಲ್ಲಿ ಎಷ್ಟು ಸಿಕ್ಕು ಇದ್ದಿರಬೇಕು, ಭೀಮಸೇನ ನೆತ್ತರುಗೈಯಿಂದ ಅದನ್ನು ಕಟ್ಟುವ ಮುನ್ನ ಯಾರು ಕುಳಿತು ಬಿಡಿಸಿದರು ಎಂಬ ಪ್ರಶ್ನೆ ನಾನು ಓದಿದ ಯಾವ ಕಾವ್ಯದಲ್ಲಿಯೂ ಏಳುವುದಿಲ್ಲ. ನಮ್ಮ ಹಳೆಯ ಕವಿಗಳು ಬಹುಮಟ್ಟಿಗೆ ಪುರುಷರಾಗಿದ್ದುದೇ ಇದಕ್ಕೆ ಕಾರಣವಿರಬಹುದು. ಪುರುಷರಿಗೆ ಮುಡಿ ಕಾಣುತ್ತದೆ, ಸಿಕ್ಕು ಕಾಣುವುದಿಲ್ಲ.

ನನಗೂ ಕಂಡಿರಲಿಲ್ಲ. ಏಳೆಂಟು ವರ್ಷಗಳ ಹಿಂದೆ ನನ್ನ ಮಡದಿ ಕಾಯಿಲೆ ಮಲಗಿದ್ದ ತಾಯಿಯ ಶುಶ್ರೂಷೆಗೆಂದು ಮೂರು ತಿಂಗಳು ತವರಿನಲ್ಲಿ ನಿಲ್ಲಬೇಕಾಗಿ ಬಂತು. ಒಂಬತ್ತು ವರ್ಷದ ಮಗಳೂ ನಾನೂ ಊರಿನಲ್ಲಿ ಉಳಿದೆವು. ಅಡುಗೆಯನ್ನು ಹೇಗೋ ಸಂಭಾಳಿಸಿದೆ. ನನ್ನನ್ನು ಸೋಲಿಸಿದ್ದು ಬಾಚಣಿಗೆ. ಮಗಳ ಕೂದಲು ಸೊಂಟದವರೆಗೆ ಇಳಿದಿತ್ತು. ಅದು ಅವಳ ತಾಯಿಯ ಹೆಮ್ಮೆ. ಬೆಳಗ್ಗೆ ಶಾಲೆಯ ಗಾಡಿ ಬರುವುದಕ್ಕೆ ಐದು ನಿಮಿಷವಿರುವಾಗ ನಾನು ಬಾಚಣಿಗೆ ಹಿಡಿಯುವೆನು. ನೆತ್ತಿಯ ಮೇಲೆ ಊರಿ ಕೆಳಕ್ಕೆ ಎಳೆಯುವೆನು. ಅರ್ಧಕ್ಕೆ ಅದು ನಿಲ್ಲುವುದು. ನಿಂತದ್ದನ್ನು ಇನ್ನಷ್ಟು ಬಲವಾಗಿ ಎಳೆಯುವುದೇ ನನಗೆ ಗೊತ್ತಿದ್ದ ಉಪಾಯ. ಮಗಳು ಕಿಟಕಿಯ ಸರಳನ್ನು ಹಿಡಿದುಕೊಂಡು ನಿಲ್ಲುತ್ತಿದ್ದಳು. ಮೊದಲ ವಾರ ಅತ್ತಳು. ಎರಡನೆಯ ವಾರ ಅಳು ನಿಂತಿತು; ನಾನು ಅಭ್ಯಾಸವಾಯಿತೆಂದು ತಿಳಿದೆ. ಮೂರನೆಯ ವಾರ ಒಂದು ದಿನ ಸರಳನ್ನು ಬಿಡದೆಯೇ ಹೇಳಿದಳು: “ಅಪ್ಪ, ಪೂರ್ತಿ ಕತ್ತರಿಸಿಬಿಡೋಣ. ಅಮ್ಮ ಬರೋಷ್ಟರಲ್ಲಿ ಬೆಳೆದುಬಿಡುತ್ತಾ?”

ಅದು ಬೆಳೆಯುವುದಿಲ್ಲವೆಂದು ನನಗೆ ಗೊತ್ತಿತ್ತು. ತಿಂಗಳಿಗೆ ಸುಮಾರು 1 ಸೆಂಟಿಮೀಟರು ಬೆಳೆಯುವ ವಸ್ತು ಅದು. ನೆಲದ ಮೇಲೆ ದಿನವೂ ಕೂದಲು ಬೀಳುತ್ತಿದ್ದುದನ್ನು ಕಂಡು, ತಾಯಿಯ ಅಗಲಿಕೆಯಿಂದ ಮಗುವಿನ ಕೂದಲು ಉದುರುತ್ತಿದೆಯೆಂದು ನಾನು ತರ್ಕ ಮಾಡಿಕೊಂಡಿದ್ದೆ. ಟಾನಿಕ್ಕಿನ ಸೀಸೆಯನ್ನು ಕೊಳ್ಳುವುದೊಂದೇ ಬಾಕಿ.

ಪಕ್ಕದ ಮನೆಯಲ್ಲಿ ಎಪ್ಪತ್ತು ದಾಟಿದ ಒಬ್ಬ ಅಜ್ಜಿ ಇದ್ದರು. ಒಂದು ಭಾನುವಾರ ಜಗಲಿಯ ಮೇಲೆ ಈ ಕಾಂಡ ನಡೆದಿರುವಾಗ ಬಂದು ನಿಂತು, “ಮೇಷ್ಟ್ರೇ, ಹೊಲ ಉಳುತ್ತಿದ್ದೀರೋ, ಮಗುವಿನ ತಲೆ ಬಾಚುತ್ತಿದ್ದೀರೋ?” ಎಂದರು. ನಾನು ಕೂದಲುದುರುವ ಕಷ್ಟವನ್ನು ತೋಡಿಕೊಂಡೆ. ಅವರು ನೆಲದಿಂದ ನಾಲ್ಕು ಕೂದಲನ್ನು ಆರಿಸಿ ತಮ್ಮ ಸೀರೆಯ ಬಿಳಿಯ ಸೆರಗಿನ ಮೇಲೆ ಹಾಸಿದರು. ಮೂರು ಗೇಣುದ್ದದ ಒಂದರ ಕೊನೆಯಲ್ಲಿ ಸಾಸಿವೆಗಿಂತ ಚಿಕ್ಕದಾದ ಬೆಳ್ಳನೆಯ ಗುಬುಟು ಇತ್ತು. ಉಳಿದ ಮೂರು ತುಂಡುಗಳು. ಎರಡು ಕೊನೆಯಲ್ಲಿಯೂ ಏನೂ ಇಲ್ಲ. “ಇದೊಂದು ಉದುರಿದ್ದು. ಇವು ನೀವು ಮುರಿದದ್ದು” ಎಂದರು.

ಈ ಭೇದವನ್ನು ಇಲ್ಲಿಯೇ ಸ್ಪಷ್ಟಪಡಿಸುವುದು ಒಳ್ಳೆಯದು. ಔಷಧಿಯ ಅಂಗಡಿಗೆ ಓಡುವ ಹಲವರಿಗೆ ಇದು ತಿಳಿದಿರುವುದಿಲ್ಲ. ಮನುಷ್ಯನ ತಲೆಯಲ್ಲಿ ಸುಮಾರು ಒಂದು ಲಕ್ಷ ಕೂದಲುಂಟು. ಅವುಗಳಲ್ಲಿ ದಿನಕ್ಕೆ 50ರಿಂದ 100ರಷ್ಟು ತಮ್ಮ ಕಾಲ ಮುಗಿಸಿ, ಬುಡದ ಗುಬುಟಿನೊಡನೆ ಕಳಚಿಕೊಳ್ಳುವುದು ಸಹಜ. ಅದರ ಸ್ಥಾನದಲ್ಲಿ ಹೊಸದು ಮೊಳೆಯುತ್ತದೆ. ನಡುವೆ ಮುರಿದ ತುಂಡಿನ ಕಥೆ ಬೇರೆ. ಅದು ಒಡಲಿನ ದೋಷವಾಗಿರುವುದು ಅಪರೂಪ. ಹೆಚ್ಚಾಗಿ ಕೈಯ ದೋಷ.

ಕೂದಲು ನೋಟಕ್ಕೆ ಒಂದು ನೂಲು; ಸೂಕ್ಷ್ಮದರ್ಶಕದಡಿಯಲ್ಲಿ ಹಂಚು ಹೊದಿಸಿದ ಮನೆ. ಹೊರಗೆ ಆರರಿಂದ ಹತ್ತು ಪದರಗಳಲ್ಲಿ ತೆಳುವಾದ ಹುರುಪೆಗಳು ಒಂದನ್ನೊಂದು ಮುಚ್ಚಿಕೊಂಡಿರುತ್ತವೆ. ಅವುಗಳ ತೆರೆದ ಅಂಚೆಲ್ಲ ತುದಿಯ ಕಡೆಗೆ. ಒಳಗಿರುವುದು ಕೆರಾಟಿನ್ ಎಂಬ ಪ್ರೋಟೀನಿನ ನಾರುಗಳ ಕಟ್ಟು; ಕೂದಲ ಬಲವೆಲ್ಲ ಅದರದು. ಒಂದು ಕೂದಲನ್ನು ಹೆಬ್ಬೆರಳು ತೋರುಬೆರಳುಗಳ ನಡುವೆ ಹಿಡಿದು ಉದ್ದಕ್ಕೆ ಉಜ್ಜುತ್ತ ಹೋದರೆ ಅದು ಎಂದಿಗೂ ಬುಡದ ದಿಕ್ಕಿಗೇ ಸರಿಯುತ್ತದೆ. ಹಂಚಿನ ಅಂಚು ಯಾವ ಕಡೆಗಿದೆಯೆಂಬುದಕ್ಕೆ ಇದೇ ಸಾಕ್ಷಿ. ವಿದ್ಯಾರ್ಥಿಗಳು ತರಗತಿಯಲ್ಲಿಯೇ ಪರೀಕ್ಷಿಸಬಹುದು. ಚರ್ಮದಿಂದ ಹೊರಬಂದ ಕೂದಲಿಗೆ ಜೀವವಿಲ್ಲ. ಆದುದರಿಂದ ಅದಕ್ಕೆ ಆದ ಗಾಯ ಮಾಯುವುದಿಲ್ಲ. ಎರಡಡಿ ಉದ್ದದ ಕೂದಲಿನ ತುದಿಗೆ ಐದು ವರ್ಷ ವಯಸ್ಸು. ದಿನಕ್ಕೆರಡು ಸಲವೆಂದರೂ ಅದು 3,650 ಬಾರಿ ಬಾಚಣಿಗೆಯನ್ನು ಕಂಡಿದೆ. ಅಲ್ಲಿ ಹಂಚು ಹಾರಿಹೋಗಿ ತೊಲೆ ಜಂತಿಗಳು ಬಯಲಾಗಿರುತ್ತವೆ. ತುದಿ ಕವಲೊಡೆಯುವುದೆಂದರೆ ಇದೇ. ನಾವು ಅತ್ಯಂತ ನಿರ್ದಯವಾಗಿ ಎಳೆಯುವುದು ಈ ಮುದಿ ಭಾಗವನ್ನೇ ಎಂಬುದು ಚೋದ್ಯ.

ಏಕೆ ಹೀಗಾಗುತ್ತದೆ? 1970ರ ದಶಕದಿಂದೀಚೆಗೆ ಕೂದಲಿನ ಗೊಂಚಲನ್ನು ಯಂತ್ರಕ್ಕೆ ಕಟ್ಟಿ, ಅದರಲ್ಲಿ ಬಾಚಣಿಗೆಯನ್ನು ಎಳೆದು, ತಗಲುವ ಬಲವನ್ನು ಅಳೆಯುತ್ತ ಬಂದಿದ್ದಾರೆ. ಬಲದ ರೇಖೆ ಮೊದಲು ಬಹುಮಟ್ಟಿಗೆ ಸಮನಾಗಿ ಸಾಗಿ, ತುದಿ ಸಮೀಪಿಸುತ್ತಲೇ ಗೋಪುರದಂತೆ ಏರುತ್ತದೆ. ಮೇಲಿನಿಂದ ಹೊರಟ ಬಾಚಣಿಗೆ ದಾರಿಯ ಸಿಕ್ಕುಗಳನ್ನು ಬಿಡಿಸುವುದಿಲ್ಲ. ತನ್ನ ಮುಂದೆ ತಳ್ಳಿಕೊಂಡು ಹೋಗಿ ಕೆಳಗಿನ ಸಿಕ್ಕಿನ ಮೇಲೆ ಹೇರುತ್ತದೆ. ಅಮೆರಿಕೆಯ ಕ್ಲಾರೆನ್ಸ್ ರಾಬಿನ್ಸ್ ಮತ್ತು ಯಶ್ ಕಾಮತ್ 2007ರಲ್ಲಿ ಪ್ರಕಟಿಸಿದ ಸಂಶೋಧನೆಗಳಲ್ಲಿ ಕೂದಲು ಮುರಿಯುವ ಬಗೆಯನ್ನು ಪರಿಶೀಲಿಸಿದ್ದಾರೆ. ಒಂದು ಕೂದಲು ಮತ್ತೊಂದರ ಮೇಲೆ ಕುಣಿಕೆಯಾಗಿ ಬಿದ್ದು, ಎಳೆತಕ್ಕೆ ಚೂಪಾಗಿ ಬಾಗಿ, ಆ ಬಾಗಿನಲ್ಲಿಯೇ ತುಂಡಾಗುತ್ತದೆ. ವೇಗವಾಗಿ ಬಂದ ಬಾಚಣಿಗೆ ಸಿಕ್ಕಿಗೆ ಬಡಿಯುವ ಪೆಟ್ಟೂ ಇದಕ್ಕೆ ಕಾರಣ. ನೇರವಾಗಿ ಹಿಡಿದರೆ ಕೂದಲು ಬಲು ಗಟ್ಟಿ, ಹತ್ತಿರ ಹತ್ತಿರ ನೂರು ಗ್ರಾಂ ತೂಕವನ್ನು ಒಂಟಿಯಾಗಿ ಹೊರಬಲ್ಲದು. ಬಾಗಿಸಿ, ಅವಸರಪಡಿಸಿದರೆ ಮಾತ್ರ ಸೋಲುತ್ತದೆ.

ಅಜ್ಜಿ ಇದಾವುದನ್ನೂ ಓದಿದವರಲ್ಲ. ನನ್ನ ಕೈಯಿಂದ ಬಾಚಣಿಗೆಯನ್ನು ಕಸಿದುಕೊಂಡು ಮಗುವನ್ನು ಮೆಟ್ಟಿಲ ಮೇಲೆ ಕೂರಿಸಿದರು. ಕೂದಲನ್ನು ನಾಲ್ಕು ಪಾಲು ಮಾಡಿ ಮೂರನ್ನು ಮುಂದಕ್ಕೆ ಹಾಕಿದರು. ಉಳಿದ ಪಾಲನ್ನು, ತುದಿಗೆ ನಾಲ್ಕು ಬೆರಳು ಮೇಲೆ, ಎಡಗೈ ಮುಷ್ಟಿಯಲ್ಲಿ ಬಿಗಿಹಿಡಿದು, ಮುಷ್ಟಿಯ ಕೆಳಗಿನ ಭಾಗವನ್ನು ಮಾತ್ರ ಬಾಚಿದರು. ಎಳೆತವೆಲ್ಲ ಮುಷ್ಟಿಗೆ ತಗಲಿತೇ ಹೊರತು ನೆತ್ತಿಗೆ ಮುಟ್ಟಲಿಲ್ಲ. ಅದು ಸಲೀಸಾದ ಮೇಲೆ ಮುಷ್ಟಿ ಒಂದು ಗೇಣು ಮೇಲಕ್ಕೆ ಸರಿಯಿತು. ಗಂಟು ಅಡ್ಡ ಬಂದಲ್ಲಿ ಬಾಚಣಿಗೆಯನ್ನು ಕೆಳಗಿಟ್ಟು, ಬೆರಳಿಗೆ ಎರಡು ತೊಟ್ಟು ಎಣ್ಣೆ ಮುಟ್ಟಿಸಿ, ಗಂಟನ್ನು ಅಗಲಕ್ಕೆ ಬಿಚ್ಚಿದರು. ನೆತ್ತಿಯಿಂದ ತುದಿಯವರೆಗೆ ಒಂದೇ ಎಳೆಗೆ ಬಾಚಿದ್ದು ಎಲ್ಲವೂ ಮುಗಿದ ಮೇಲೆ, ಕಟ್ಟಕಡೆಗೆ. ಮಗಳ ಕೈ ಕಿಟಕಿಯ ಸರಳನ್ನು ಹುಡುಕಲಿಲ್ಲ. ಅರ್ಧದಲ್ಲಿ ತೂಕಡಿಸಿದಳು.

ನೀರಿನ ವಿಷಯದಲ್ಲಿಯೂ ನನ್ನ ನಂಬಿಕೆ ತಲೆಕೆಳಗಾಗಿತ್ತು. ಮಿಂದ ಕೂಡಲೆ ಕೂದಲು ಮೆತ್ತಗಿರುತ್ತದೆ, ಆಗಲೇ ಬಾಚಬೇಕು ಎಂದುಕೊಂಡಿದ್ದೆ. ಮೆತ್ತಗಿರುವುದು ನಿಜ, ಬಲಗುಂದಿರುವುದರಿಂದ. ನೀರು ಒಳಹೊಕ್ಕು ನಾರುಗಳ ನಡುವಣ ಸಣ್ಣ ಬಂಧಗಳನ್ನು ಸಡಿಲಿಸುತ್ತದೆ. ಕೂದಲು ದಪ್ಪದಲ್ಲಿ ನೂರಕ್ಕೆ ಸುಮಾರು 15ರಷ್ಟು ಉಬ್ಬುತ್ತದೆ. ಹುರುಪೆಯ ಅಂಚುಗಳು ಎದ್ದು ಒಂದಕ್ಕೊಂದು ತೊಡರುತ್ತವೆ. ನೆಟ್ಟನೆಯ ಕೂದಲಿನವರು ಅರೆ ಆರುವವರೆಗೆ ತಾಳುವುದೇ ಮೇಲು. ಗುಂಗುರು ಕೂದಲಿನವರಿಗೆ ಈ ಮಾತು ಸಲ್ಲದು: ಒಣಗಿದ ಸುರುಳಿಯನ್ನು ಬಾಚುವುದೆಂದರೆ ಮುರಿಯುವುದೆಂದೇ ಅರ್ಥ. ಅವರು ತೇವವಿರುವಾಗಲೇ, ಜಾರುವಂಥದ್ದೇನನ್ನಾದರೂ ಸವರಿ, ಅಗಲ ಹಲ್ಲಿನ ಬಾಚಣಿಗೆಯಿಂದ ಬಿಡಿಸಬೇಕು.

ಜಾರುವಂಥದ್ದು ಎಂದೆ. ಇಂದಿನ ಅಂಗಡಿಯಲ್ಲಿ ಅದರ ಹೆಸರು ಕಂಡಿಷನರ್. ಸವೆದ ಕೂದಲಿನ ಮೇಲ್ಮೈಯಲ್ಲಿ ಋಣ ವಿದ್ಯುದಂಶವಿರುತ್ತದೆ. ಕಂಡಿಷನರಿನ ಧನಾಂಶದ ಕಣಗಳು ಅದಕ್ಕೆ ಅಂಟಿ ನಯವಾದ ಲೇಪವಾಗುತ್ತವೆ. ಮಲೆನಾಡಿನವರು ದಾಸವಾಳದ ಸೊಪ್ಪನ್ನು ನೀರಿನಲ್ಲಿ ಕಿವುಚಿ ತೆಗೆಯುವ ಗೊಂಪು ಕೂಡ, ವಿದ್ಯುತ್ತಿನ ಗೊಡವೆಯಿಲ್ಲದೆ, ತನ್ನ ಲೋಳೆಯಿಂದಲೇ ಈ ಕೆಲಸವನ್ನು ಮಾಡುತ್ತದೆ. ಸೀಗೆಪುಡಿಯ ವಿಷಯದಲ್ಲಿ ನನಗೆ ಅಷ್ಟು ಭಕ್ತಿಯಿಲ್ಲ. ಸರಿಯಾಗಿ ಜಾಲಿಸದಿದ್ದರೆ ಅದರ ತರಿ ಕೂದಲಲ್ಲಿ ಉಳಿದು ಹೊಸ ಸಿಕ್ಕನ್ನು ಹೆಣೆಯುತ್ತದೆ. ಕೊಬ್ಬರಿ ಎಣ್ಣೆಯ ಮಾತು ಬೇರೆ. 2003ರಲ್ಲಿ ಮುಂಬಯಿಯ ಇಬ್ಬರು ಸಂಶೋಧಕರು ಕೊಬ್ಬರಿ ಎಣ್ಣೆ, ಸೂರ್ಯಕಾಂತಿ ಎಣ್ಣೆ, ಖನಿಜ ಎಣ್ಣೆ ಮೂರನ್ನೂ ಹೋಲಿಸಿ, ಕೂದಲಿನ ಪ್ರೋಟೀನು ನಷ್ಟವಾಗುವುದನ್ನು ತಡೆದದ್ದು ಕೊಬ್ಬರಿ ಎಣ್ಣೆಯೊಂದೇ ಎಂದು ತೋರಿಸಿದರು. ಅದರ ಕಣ ಚಿಕ್ಕದು, ನೇರವಾದದ್ದು. ಕೂದಲಿನ ಒಳಕ್ಕೆ ಇಳಿಯಬಲ್ಲದು. ಅವರು ಎಣ್ಣೆ ಮಾರುವ ಸಂಸ್ಥೆಯೊಂದರ ಸಂಶೋಧಕರೆಂಬುದನ್ನೂ ಹೇಳದಿದ್ದರೆ ನ್ಯಾಯವಾಗದು. ಮೀಯುವ ಮುನ್ನ ಎಣ್ಣೆ ಸವರುವ ನಮ್ಮ ವಾಡಿಕೆಗೆ ಅರ್ಥವಿದೆಯೆಂದು ಇಷ್ಟರಿಂದ ಒಪ್ಪಬಹುದು.

ಬಾಚಣಿಗೆಯನ್ನೇ ತೆಗೆದುಕೊಳ್ಳಿ. ಈಗಿನ ಇಸ್ರೇಲಿನ ಲಾಕೀಶ್ ಎಂಬ ಪ್ರಾಚೀನ ನೆಲೆಯಲ್ಲಿ ದೊರೆತ ಪುಟ್ಟ ದಂತದ ಬಾಚಣಿಗೆಯೊಂದರ ಮೇಲೆ ಕಾನಾನ್ಯರ ಲಿಪಿಯ ಬರಹವಿರುವುದು 2022ರಲ್ಲಿ ಪ್ರಕಟವಾಯಿತು. ಸುಮಾರು 3,700 ವರ್ಷ ಹಳೆಯದು. ತಲೆಯ ಮತ್ತು ಗಡ್ಡದ ಹೇನುಗಳನ್ನು ಈ ದಂತ ನಿರ್ಮೂಲಮಾಡಲಿ ಎಂಬ ಹಾರೈಕೆ ಅದರಲ್ಲಿದೆ. ನನ್ನ ಮನಸ್ಸನ್ನು ಸೆಳೆದದ್ದು ಬರಹಕ್ಕಿಂತ ಹಲ್ಲು: ಒಂದು ಕಡೆ ಹದಿನಾಲ್ಕು ಸಣ್ಣ ಹಲ್ಲು, ಹೇನಿಗೆ; ಇನ್ನೊಂದು ಕಡೆ ಆರೇ ಆರು ದಪ್ಪ ಹಲ್ಲು, ಸಿಕ್ಕಿಗೆ. ಎರಡು ಕೆಲಸಕ್ಕೆ ಎರಡು ಹಲ್ಲು ಬೇಕೆಂಬುದು ಅಂದಿನವರಿಗೆ ತಿಳಿದಿತ್ತು. ನಮ್ಮ ಮನೆಗಳಲ್ಲಿಯೂ ಬಾಚಣಿಗೆಯೇ ಬೇರೆ, ಹೇನು ತೆಗೆಯುವ ಸೀರಣಿಗೆಯೇ ಬೇರೆ. ನಾನು ಮಾತ್ರ ಜೇಬಿನಲ್ಲಿಟ್ಟುಕೊಳ್ಳುವ ನನ್ನ ಸಣ್ಣ ಹಲ್ಲಿನ ಪ್ಲಾಸ್ಟಿಕ್ ಬಾಚಣಿಗೆಯಿಂದ ಸೊಂಟದುದ್ದದ ಕೂದಲನ್ನು ಗೆಲ್ಲಹೊರಟಿದ್ದೆ! ಅಂಥ ಅಗ್ಗದ ಬಾಚಣಿಗೆಯ ಹಲ್ಲುಗಳ ನಡುವೆ ಬೆರಳಾಡಿಸಿದರೆ ಅಚ್ಚಿನ ಗೆರೆಯೊಂದು ಗರಗಸದಂತೆ ತಗಲುವುದುಂಟು. ತಗಲಿದರೆ ಬಿಸಾಡಿಬಿಡುವುದು ಲೇಸು.

ಹಿರಿಯರ ಮಾತೆಲ್ಲವೂ ಸರಿಯೆಂದು ನಾನು ವಾದಿಸುತ್ತಿಲ್ಲ. ಮಲಗುವ ಮುನ್ನ ನೂರು ಸಲ ಬ್ರಷ್ಷು ಎಳೆಯಬೇಕೆಂಬ ಪಾಶ್ಚಾತ್ಯರ ಹಳೆಯ ಉಪದೇಶವನ್ನು ಇಂದಿನ ಚರ್ಮವೈದ್ಯರು ತಳ್ಳಿಹಾಕುತ್ತಾರೆ. ಕೂದಲನ್ನು ಓರಣಗೊಳಿಸುವುದಕ್ಕೆ ಬೇಕಾದುದಕ್ಕಿಂತ ಹೆಚ್ಚಿನ ಒಂದೊಂದು ಎಳೆತವೂ ಸವೆತವೇ. ಮಿಂದ ಕೂದಲನ್ನು ವಸ್ತ್ರದಿಂದ ಚಟಚಟನೆ ಬಡಿಯುವುದು, ಎರಡು ಕೈಗಳ ನಡುವೆ ಉಜ್ಜುವುದು ಇವೂ ಅದೇ ಜಾತಿಗೆ ಸೇರಿದವು. ಹತ್ತಿಯ ಬಟ್ಟೆಯಲ್ಲಿ ಸುತ್ತಿ ಒತ್ತಿದರೆ ಸಾಕು. ಅಜ್ಜಿಯೊಡನೆ ನನಗೆ ಭಿನ್ನಾಭಿಪ್ರಾಯ ಬಂದದ್ದು ಜಡೆಯ ವಿಷಯದಲ್ಲಿ. ಹಣೆಯ ಚರ್ಮ ಹಿಂದಕ್ಕೆ ಸರಿಯುವಷ್ಟು ಬಿಗಿಯಾಗಿ ಹೆಣೆದರೇ ಅವರಿಗೆ ಜಡೆ. ಆದರೆ ಬಿಗಿ ಜಡೆ ವರ್ಷಗಟ್ಟಲೆ ಬುಡವನ್ನು ಜಗ್ಗುತ್ತಿದ್ದರೆ ಹಣೆಯಂಚಿನ ಕೂದಲು ತೆಳುವಾಗಿ ಕಡೆಗೆ ಮತ್ತೆ ಬಾರದೆಯೂ ಹೋಗಬಹುದೆಂದು ವೈದ್ಯರು ಹೇಳುತ್ತಾರೆ. ನಾನು ಸಡಿಲವಾಗಿ ಹೆಣೆಯುತ್ತಿದ್ದೆ. ರಬ್ಬರು ಬ್ಯಾಂಡಿನ ಬದಲು ಬಟ್ಟೆಯ ಟೇಪು ಕಟ್ಟುತ್ತಿದ್ದೆ. ಮಧ್ಯಾಹ್ನದ ಹೊತ್ತಿಗೆ ಅದು ಬಿಚ್ಚಿ ಬರುತ್ತಿತ್ತೆಂಬುದನ್ನು ಒಪ್ಪಿಕೊಳ್ಳಬೇಕು.

ಅಜ್ಜಿಯ ಕ್ರಮಕ್ಕೆ ನನಗೆ ಹಿಡಿದದ್ದು ಹನ್ನೊಂದು ನಿಮಿಷ. ಹಿಂದಿನದಕ್ಕೆ ಐದು. ಆರು ನಿಮಿಷ ಮುಂಚೆ ಏಳುವುದಷ್ಟೇ ಇದರಲ್ಲಿದ್ದ ಕಷ್ಟ. ರಾತ್ರಿ ಮಲಗುವಾಗ ಸಡಿಲ ಜಡೆ ಹಾಕಿದರೆ ಬೆಳಗಿನ ಸಿಕ್ಕು ಅರ್ಧವಾಗುವುದೆಂದು ಕಂಡುಕೊಂಡ ಮೇಲೆ ಎಂಟಕ್ಕೆ ಇಳಿಯಿತು. ಅಷ್ಟರಲ್ಲಿ ನಾನು ಮಾಡಿದ್ದ ಹಾನಿಗೆ ಮಾತ್ರ ಕತ್ತರಿಯೊಂದೇ ಮದ್ದು. ಒಂದು ಸಂಜೆ ಅಜ್ಜಿಯೇ ಕವಲೊಡೆದ ನಾಲ್ಕು ಬೆರಳಷ್ಟು ತುದಿಯನ್ನು ಕತ್ತರಿಸಿದರು. ಮಗಳು ತುಂಡುಗಳನ್ನು ಎಣಿಸುತ್ತ ಕುಳಿತಿದ್ದಳು; ಪೂರ್ತಿ ಕತ್ತರಿಸುವ ಮಾತನ್ನು ಮತ್ತೆ ಎತ್ತಲಿಲ್ಲ.

ಮೂರು ತಿಂಗಳ ಮೇಲೆ ಮಡದಿ ಬಂದಳು. ಚೀಲವನ್ನು ಕೆಳಗಿಡುವ ಮೊದಲೇ ಅವಳ ಕಣ್ಣು ಜಡೆಯ ಮೇಲೆ ಹರಿಯಿತು. ಕೈಯಲ್ಲಿ ಹಿಡಿದು ಅಳೆದು, “ನಾಲ್ಕು ಬೆರಳು ಕಡಿಮೆಯಾಗಿದೆ. ಯಾರ ಕೆಲಸ ಇದು?” ಎಂದು ಕೇಳಿದಳು. ಮಗಳು ನನ್ನ ಮುಖವನ್ನೊಮ್ಮೆ ನೋಡಿ, ಪಕ್ಕದ ಮನೆಯ ಕಡೆಗೆ ಕೈ ತೋರಿಸಿದಳು.