ಅಮ್ಮನ ‘ಪಲ್ಲಕ್ಕಿ’ ನಿಂತ ಮೂರು ದಿನ

ಮಕ್ಕಳ ಬೇಸಿಗೆ ರಜೆಯನ್ನು ಅರಸೀಕೆರೆಯಲ್ಲಿ ಕಳೆದು, ಅಮ್ಮನನ್ನೂ ಕರೆದುಕೊಂಡು ನಾವು ಸ್ಯಾನ್ ಡಿಯಾಗೊದ ಮನೆಗೆ ಮರಳಿದ್ದು 2023ರ ಆಗಸ್ಟ್ ತಿಂಗಳ ಒಂದು ಶನಿವಾರ ರಾತ್ರಿ. ಎರಡು ವಿಮಾನ ಬದಲಿಸಿ ಬಂದಿದ್ದ ಅಮ್ಮನ ಕಾಲು ಊದಿಕೊಂಡಿತ್ತು. ಅವರಿಗೆ ಬೇಕಾಗಿದ್ದುದು ಎರಡೇ: ಬಿಸಿನೀರಿನ ಸ್ನಾನ ಮತ್ತು ಹಾಸಿಗೆ. ಎರಡೂ ಇರುವುದು ಮಹಡಿಯ ಮೇಲೆ. ಮೆಟ್ಟಿಲ ಬುಡದ ಕುರ್ಚಿಯಲ್ಲಿ ಕೂರಿಸಿ, ಸೊಂಟದ ಬೆಲ್ಟ್ ಹಾಕಿದೆವು. ಅಮ್ಮ ಗುಂಡಿ ಒತ್ತಿದರು. ಕುರ್ಚಿ ಅಲುಗಲಿಲ್ಲ. ಮತ್ತೆ ಒತ್ತಿದರು. ಒಂದು ಸಣ್ಣ ದೀಪವೂ ಹೊತ್ತಲಿಲ್ಲ.

ಈ ಕುರ್ಚಿಗೆ ಇಲ್ಲಿ ಸ್ಟೇರ್‌ಲಿಫ್ಟ್ ಎನ್ನುತ್ತಾರೆ. ಅಮ್ಮ ಮೊದಲ ದಿನವೇ ಇಟ್ಟ ಹೆಸರು ‘ಪಲ್ಲಕ್ಕಿ’. ಮೆಟ್ಟಿಲ ಉದ್ದಕ್ಕೂ ಹಾಸಿದ ಒಂದು ಹಳಿ, ಅದರ ಮೇಲೆ ಹಲ್ಲುಚಕ್ರದ ಸಹಾಯದಿಂದ ಮೆಲ್ಲಗೆ ಏರಿ ಇಳಿಯುವ ಕುರ್ಚಿ, ಅಷ್ಟೆ. ಅಮೆರಿಕದಲ್ಲಿ ಇದು ಹೊಸ ಸರಕೇನಲ್ಲ. ಪೆನ್ಸಿಲ್ವೇನಿಯಾದ ಹ್ಯಾರಿಸ್‌ಬರ್ಗ್‌ನಲ್ಲಿ ಸಿ.ಸಿ. ಕ್ರಿಸ್ಪೆನ್ ಎಂಬವರು 1920ರ ದಶಕದಲ್ಲೇ ಇಂಥದ್ದನ್ನು ಮಾಡಿ ಮಾರಲು ಶುರುಮಾಡಿದ್ದರು. ಮಂಡಿ ಸವೆದ ಅಪ್ಪ-ಅಮ್ಮಂದಿರನ್ನು ಕರೆಸಿಕೊಂಡ ನಮ್ಮಂಥವರ ಮನೆಗಳಿಗೆ ಅದು ಈಗ ಬರುತ್ತಿದೆ.

ಕುರ್ಚಿ ಕೆಟ್ಟರೆ ಕೆಳಗೇ ಮಲಗಿದರಾಯಿತಲ್ಲ ಎಂದು ಊರಿನಲ್ಲಿರುವವರಿಗೆ ಅನಿಸಬಹುದು. ನಮಗೂ ಹಾಗೇ ಅನಿಸಿತ್ತು. ಆದರೆ ನಮ್ಮ ಮನೆಯೂ ಸೇರಿ ಇಲ್ಲಿನ ಎಷ್ಟೋ ಎರಡು ಅಂತಸ್ತಿನ ಮನೆಗಳಲ್ಲಿ ಕೆಳಗೆ ಇರುವುದು ‘ಅರ್ಧ ಬಾತ್‌ರೂಮ್’. ಒಂದು ಕಮೋಡ್, ಒಂದು ಕೈತೊಳೆಯುವ ಬೇಸಿನ್. ಸ್ನಾನಕ್ಕೆ ಜಾಗವಿಲ್ಲ. ಬಕೆಟ್ ಇಟ್ಟುಕೊಂಡು ಮಗ್ಗಿನಲ್ಲಿ ಸುರಿದುಕೊಳ್ಳೋಣವೆಂದರೆ ನೆಲದಲ್ಲಿ ನೀರು ಹೋಗುವ ಕಿಂಡಿಯೇ ಇಲ್ಲ. ಸ್ನಾನವಾಗದೆ ಅಮ್ಮ ದೇವರ ದೀಪ ಹಚ್ಚುವುದಿಲ್ಲ, ದೀಪ ಹಚ್ಚದೆ ಬಾಯಿಗೆ ಏನೂ ಹಾಕುವುದಿಲ್ಲ. ಸಕ್ಕರೆ ಕಾಯಿಲೆ ಬೇರೆ. ಹೀಗಾಗಿ ಒಂದು ಯಂತ್ರ ನಿಂತದ್ದು ನೇರವಾಗಿ ಅವರ ಊಟಕ್ಕೇ ಬಂದಿತು.

ಭಾನುವಾರ ಬೆಳಿಗ್ಗೆ ಕಂಪನಿಯ ನಂಬರಿಗೆ ಫೋನ್ ಮಾಡಿದೆವು. ರೆಕಾರ್ಡ್ ಮಾಡಿದ ದನಿ ಸೋಮವಾರ ಕರೆಯಿರಿ ಎಂದಿತು. ಸೋಮವಾರ ಕರೆದರೆ ಮಂಗಳವಾರ ಮಧ್ಯಾಹ್ನ ಹನ್ನೆರಡರಿಂದ ಐದರ ಒಳಗೆ ಬರುತ್ತಾರಂತೆ. ಮನೆಗೆ ಕಾಲಿಟ್ಟಿದ್ದಕ್ಕೇ ಒಂದು ಶುಲ್ಕ, ಬಿಡಿಭಾಗಕ್ಕೆ ಬೇರೆ. ಮೆಟ್ಟಿಲಿನ ಮೇಲೆ ಕುಳಿತು, ಹಿಂದಕ್ಕೆ ಕೈಯೂರಿ, ಒಂದೊಂದೇ ಮೆಟ್ಟಿಲು ಏರುವ ಉಪಾಯವೊಂದಿದೆ. ಮಂಡಿ ಶಸ್ತ್ರಚಿಕಿತ್ಸೆಯಾದವರಿಗೆ ಇಲ್ಲಿ ಫಿಸಿಯೋಥೆರಪಿಯವರೇ ಅದನ್ನು ಹೇಳಿಕೊಡುತ್ತಾರೆ. ಅಮ್ಮ ಎರಡು ಮೆಟ್ಟಿಲು ಏರಿ ನಿಲ್ಲಿಸಿದರು. ‘ಎಪ್ಪತ್ತೊಂಬತ್ತಕ್ಕೆ ಅಂಬೆಗಾಲಿಡಬೇಕೇನೋ? ನನ್ನನ್ನು ಊರಿಗೆ ಕಳಿಸಿಬಿಡಿ’ ಎಂದರು. ಆ ಮಾತನ್ನು ಅವರು ತಮಾಷೆಗೆ ಹೇಳಿರಲಿಲ್ಲ. ಕೊನೆಗೆ ಒದ್ದೆ ಟವೆಲಿನಲ್ಲಿ ಮೈ ಒರೆಸಿಕೊಂಡು, ದೇವರಿಗೆ ತಪ್ಪೊಪ್ಪಿಗೆ ಹೇಳಿ, ಎರಡು ಇಡ್ಲಿ ತಿಂದರು.

ತಪ್ಪು ನಮ್ಮದೇ ಎಂದು ಗೊತ್ತಾದದ್ದು ಮಂಗಳವಾರ. ಊರಿಗೆ ಹೊರಡುವ ಮುನ್ನ ಮನೆಯ ಸ್ವಿಚ್‌ಗಳನ್ನೆಲ್ಲ ಆರಿಸುವುದು ನಮ್ಮ ಹಳೆಯ ಅಭ್ಯಾಸ. ಅಮೆರಿಕದ ಪ್ಲಗ್‌ಗಳಿಗೆ ಸ್ವಿಚ್ ಇರುವುದಿಲ್ಲವಾದ್ದರಿಂದ ಫ್ರಿಜ್ ಒಂದನ್ನು ಬಿಟ್ಟು ಎಲ್ಲವನ್ನೂ ಕಿತ್ತು ಹೋಗಿದ್ದೆವು, ಕುರ್ಚಿಯದನ್ನೂ. ಮರಳಿ ಬಂದು ಸಿಕ್ಕಿಸಿದೆವು ನಿಜ. ಆದರೆ ಈ ಕುರ್ಚಿ ಓಡುವುದು ಗೋಡೆಯ ಕರೆಂಟಿನಿಂದ ನೇರವಾಗಿ ಅಲ್ಲ. ಸೀಟಿನ ಕೆಳಗೆ 12 ವೋಲ್ಟಿನ ಎರಡು ಬ್ಯಾಟರಿಗಳು ಜೋಡಿಯಾಗಿ ಕೂತು 24 ವೋಲ್ಟ್ ಕೊಡುತ್ತವೆ. ಗೋಡೆಯ ಕರೆಂಟು ಆ ಬ್ಯಾಟರಿಗಳಿಗೆ ಚಾರ್ಜ್ ತುಂಬುತ್ತದೆ. ಸ್ಕೂಟರಿನಲ್ಲಿರುವಂಥದೇ ಸೀಸದ ಬ್ಯಾಟರಿ. ಕುರ್ಚಿ ಸುಮ್ಮನೆ ನಿಂತಿದ್ದರೂ ಅದರ ಒಳಗಿನ ಸರ್ಕ್ಯೂಟ್ ಬೋರ್ಡ್ ತೊಟ್ಟು ತೊಟ್ಟಾಗಿ ಹೀರುತ್ತಲೇ ಇರುತ್ತದೆ. ಎರಡು ತಿಂಗಳು ಬರಿದಾಗಿ ಬಿದ್ದ ಸೀಸದ ಬ್ಯಾಟರಿ ಮತ್ತೆ ಚಾರ್ಜ್ ಹಿಡಿಯುವುದು ಕಷ್ಟ.

ಬಂದ ಮೆಕ್ಯಾನಿಕ್ ಮೀಟರ್ ಹಿಡಿದು ತೋರಿಸಿದ. ಒಂದು ಬ್ಯಾಟರಿ ಪೂರ್ತಿ ಸತ್ತಿತ್ತು, ಇನ್ನೊಂದು ಕುಟುಕುತ್ತಿತ್ತು. ಆದರೂ ಎರಡನ್ನೂ ಬದಲಿಸಿದ. ಯಾಕೆ ಎಂದು ಅಮ್ಮ ಮೊಮ್ಮಗಳ ಮೂಲಕ ಕೇಳಿಸಿದರು. ಹೊಸದರ ಜೊತೆ ಹಳೆಯದನ್ನು ಕಟ್ಟಿದರೆ ಹಳೆಯದು ಹೊಸದನ್ನೂ ಹಾಳುಮಾಡುತ್ತದೆ ಎಂದ. ‘ಹೌದಲ್ಲ, ಎಳೆ ಎತ್ತಿಗೆ ಮುದಿ ಎತ್ತು ಕಟ್ಟಿದ ಹಾಗೆ’ ಎಂದು ಅಮ್ಮ ತಲೆಯಾಡಿಸಿದರು. ಮೂವತ್ತು ವರ್ಷ ಪ್ರಾಥಮಿಕ ಶಾಲೆಯಲ್ಲಿ ಪಾಠ ಹೇಳಿದವರು ಅವರು. ಮುಂದಿನ ಅರ್ಧ ಗಂಟೆ ಆತನ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು, ಮೊಮ್ಮಗಳನ್ನು ದುಭಾಷಿ ಮಾಡಿಕೊಂಡು, ಒಂದು ನೋಟ್‌ಬುಕ್ಕಿನಲ್ಲಿ ಕನ್ನಡದಲ್ಲಿ ಬರೆದುಕೊಂಡರು. ನಾವು ಮೂರು ವರ್ಷದಲ್ಲಿ ಓದದ ಮ್ಯಾನ್ಯುಯಲ್ಲನ್ನು ಅವರು ಅಂದೇ ಮುಗಿಸಿದರು. ಇಲ್ಲಿ ಮುಂದೆ ಬರೆಯುತ್ತಿರುವುದರಲ್ಲಿ ಹೆಚ್ಚಿನದು ಆ ನೋಟ್‌ಬುಕ್ಕಿನದು.

ಅಮ್ಮ ಆರು ತಿಂಗಳು ನಮ್ಮಲ್ಲಿ, ಉಳಿದ ತಿಂಗಳು ಲಾಸ್ ಏಂಜಲಿಸ್ ಪಕ್ಕದ ಪಸಡೀನದಲ್ಲಿರುವ ಅಣ್ಣನ ಮನೆಯಲ್ಲಿ. ನಡುವೆ ಸುಮಾರು 200 ಕಿಲೋಮೀಟರ್ ದಾರಿ. ಅಲ್ಲಿಯೂ ಒಂದು ಪಲ್ಲಕ್ಕಿ ಇದೆ, ಬೇರೆ ಕಂಪನಿಯದು. ಆ ಮನೆಯಲ್ಲಿ ಒಮ್ಮೆ ರಾತ್ರಿಯಿಡೀ ‘ಕೀಂ... ಕೀಂ...’ ಸದ್ದು. ಹೊಗೆ ಪತ್ತೆ ಮಾಡುವ ಸ್ಮೋಕ್ ಅಲಾರ್ಮ್‌ನ ಬ್ಯಾಟರಿ ಮುಗಿದರೆ ಇಂಥದೇ ಸದ್ದು ಬರುತ್ತದೆ. ಅಣ್ಣ ಏಣಿ ಹಾಕಿ ಐದೂ ಕೋಣೆಗಳ ಅಲಾರ್ಮ್‌ಗಳಿಗೆ ಹೊಸ ಬ್ಯಾಟರಿ ಹಾಕಿದ. ಸದ್ದು ನಿಲ್ಲಲಿಲ್ಲ. ಮೂರನೇ ದಿನ ಅಮ್ಮ ಫೋನಿನಲ್ಲಿ ನೋಟ್‌ಬುಕ್ ತೆರೆದು ‘ಪಲ್ಲಕ್ಕಿ ಎಲ್ಲಿ ನಿಂತಿದೆ ನೋಡು’ ಎಂದರು. ವ್ಯಾಕ್ಯೂಮ್ ಹೊಡೆಯಲು ಯಾರೋ ಅದನ್ನು ಎರಡು ಬೆರಳಿನಷ್ಟು ಮೇಲೆ ಸರಿಸಿದ್ದರು. ಹಳಿಯ ಎರಡು ತುದಿಗಳಲ್ಲಿ ಮಾತ್ರ ಚಾರ್ಜ್ ಮಾಡುವ ಲೋಹದ ಪಟ್ಟಿ ಇರುತ್ತದೆ. ಅದಕ್ಕೆ ತಾಗದೆ ನಿಂತರೆ ಕುರ್ಚಿ ಹೀಗೆ ಕೂಗಿ ಹೇಳುತ್ತದೆ. ಕೂಗಿದ್ದು ಕೇಳಿಯೂ ಬಿಟ್ಟರೆ ಬ್ಯಾಟರಿ ಖಾಲಿ. ಕೆಲವು ಮಾದರಿಗಳಲ್ಲಿ ಈ ಪಟ್ಟಿ ಹಳಿಯುದ್ದಕ್ಕೂ ಇರುತ್ತದಂತೆ, ಅಣ್ಣನದು ಹಾಗಲ್ಲ.

ಅದೇ ಮನೆಯಲ್ಲಿ ಇನ್ನೊಂದು ಸಲ ಕುರ್ಚಿ ಸರಿಯಾಗಿ ತುದಿಯಲ್ಲೇ ನಿಂತು ಕೂಗಿತು. ಪ್ಲಗ್ ಸಿಕ್ಕಿಸಿದೆ, ಬ್ರೇಕರ್ ಬಿದ್ದಿಲ್ಲ, ಆದರೂ ಪ್ಲಗ್ಗಿನಲ್ಲಿ ಕರೆಂಟಿಲ್ಲ. ಕಾರಣ ಇದ್ದದ್ದು ಗ್ಯಾರೇಜಿನಲ್ಲಿ. ಇಲ್ಲಿ ಬಚ್ಚಲು, ಅಡುಗೆಮನೆ, ಗ್ಯಾರೇಜುಗಳಲ್ಲಿ ಶಾಕ್ ತಪ್ಪಿಸಲು ‘ಟೆಸ್ಟ್’, ‘ರೀಸೆಟ್’ ಎಂಬ ಎರಡು ಪುಟ್ಟ ಗುಂಡಿಗಳಿರುವ ಜಿಎಫ್‌ಸಿಐ ಪ್ಲಗ್ ಹಾಕಿರುತ್ತಾರೆ. ಒಂದು ಜಿಎಫ್‌ಸಿಐ ಬಿದ್ದರೆ ಅದರ ಹಿಂದೆ ಸರಣಿಯಲ್ಲಿರುವ ಬೇರೆ ಕೋಣೆಯ ಪ್ಲಗ್‌ಗಳೂ ಸಾಯುತ್ತವೆ. ಗ್ಯಾರೇಜಿನ ರೀಸೆಟ್ ಒತ್ತಿದ್ದೇ ಕುರ್ಚಿಯ ದೀಪ ಹೊತ್ತಿತು. ಮೆಕ್ಯಾನಿಕ್ ಬಂದಿದ್ದರೆ ಅದನ್ನೇ ಮಾಡಿ ಬಿಲ್ ಕೊಡುತ್ತಿದ್ದ.

ಎಲ್ಲಕ್ಕಿಂತ ಹೆದರಿಸಿದ್ದು ನಮ್ಮ ಮನೆಯಲ್ಲಿ ಆದದ್ದು. ಅಮ್ಮ ಇಳಿಯುತ್ತಿದ್ದಾಗ ಕುರ್ಚಿ ನಡುವೆಯೇ ಗಕ್ಕನೆ ನಿಂತಿತು. ಕೆಳಗೆ ಆರು ಮೆಟ್ಟಿಲು. ಮೊದಲ ಕಂತಿನ ಗಾಬರಿಯಲ್ಲಿ ನಾವು ರಿಮೋಟನ್ನು ಒತ್ತಿದ್ದೇ ಒತ್ತಿದ್ದು. ಅಮ್ಮ ‘ಸ್ವಲ್ಪ ಸುಮ್ಮನಿರಿ’ ಎಂದು ಗದರಿ, ತಾವೇ ಗುಂಡಿಯನ್ನು ಮೇಲ್ಮುಖವಾಗಿ ಒತ್ತಿದರು. ಕುರ್ಚಿ ಹಿಂದಕ್ಕೆ ಏರಿತು. ಅಡಿಯಲ್ಲಿ ನೋಡಿದರೆ ಮೇಲೆ ಒಯ್ಯಲೆಂದು ಮೆಟ್ಟಿಲ ಮೇಲಿಟ್ಟಿದ್ದ ಅಮೆಜಾನ್ ಡಬ್ಬಿ. ಕಾಲಿಡುವ ಹಲಗೆಯ ಅಂಚಿನಲ್ಲಿ ಸಂವೇದಕಗಳಿರುತ್ತವೆ, ಏನಾದರೂ ತಾಗಿದರೆ ಆ ದಿಕ್ಕಿನಲ್ಲಿ ಕುರ್ಚಿ ಚಲಿಸುವುದಿಲ್ಲ, ವಿರುದ್ಧ ದಿಕ್ಕಿಗೆ ಮಾತ್ರ ಹೋಗುತ್ತದೆ. ಚಪ್ಪಲಿ, ಆಟಿಕೆ, ಮಡಚಿಟ್ಟ ಬಟ್ಟೆ, ಯಾವುದಾದರೂ ಸಾಕು. ಇನ್ನು ಮಹಡಿ ತಲುಪಿದ ಮೇಲೆ ಇಳಿಯಲು ಅನುಕೂಲವಾಗುವಂತೆ ಸೀಟು ತಿರುಗುತ್ತದೆ. ಅದನ್ನು ಮರಳಿ ‘ಕಟ್’ ಎನ್ನುವವರೆಗೆ ತಿರುಗಿಸದಿದ್ದರೆ ಕುರ್ಚಿ ಯಾರು ಕರೆದರೂ ಬರುವುದಿಲ್ಲ. ಕೆಟ್ಟಿದೆ ಎಂದು ನಾವು ಅಂದುಕೊಂಡ ಹತ್ತು ಸಲದಲ್ಲಿ ಮೂರೋ ನಾಲ್ಕೋ ಸಲ ಕಾರಣ ಇದೇ. ತೋಳಿನ ಪಕ್ಕದ ಆನ್-ಆಫ್ ಸ್ವಿಚ್ಚನ್ನು ಮೊಮ್ಮಕ್ಕಳು ಆಡುತ್ತ ಆರಿಸಿದ್ದೂ ಉಂಟು. ರಿಮೋಟಿನ ಬ್ಯಾಟರಿ ಮುಗಿದದ್ದು ಬೇರೆ ಲೆಕ್ಕ: ಕುರ್ಚಿಯ ತೋಳಿನ ಗುಂಡಿಗೆ ಓಡುತ್ತದೆ ಎಂದಾದರೆ ದೋಷ ರಿಮೋಟಿನದು.

ಸೀರೆಯ ವಿಷಯ ಮ್ಯಾನ್ಯುಯಲ್ಲಿನಲ್ಲಿ ಇರುವುದಿಲ್ಲ, ನಾವು ಹೇಳಲೇಬೇಕು. ಹಳಿಯ ಹಲ್ಲುಗಳ ಕಡೆಗೆ ಸೆರಗೋ ನಿರಿಗೆಯೋ ಜೋತುಬಿದ್ದರೆ ಸಿಕ್ಕಿಕೊಳ್ಳಬಹುದು. ಅಮ್ಮ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ನಿರಿಗೆಯನ್ನು ಮಂಡಿಗಳ ನಡುವೆ ಹಿಡಿದು, ಆಮೇಲೆ ಬೆಲ್ಟ್ ಹಾಕುತ್ತಾರೆ. ಸೀಟಿನ ಮೇಲೆ ಚಕ್ಕಳಮಕ್ಕಳ ಹಾಕಿ ಕೂರುವ ಆಸೆಯನ್ನು ಬಿಡಿಸಲು ಮಾತ್ರ ತಿಂಗಳು ಹಿಡಿಯಿತು. ಮತ್ತೆ ಎಣ್ಣೆ. ಹಳಿ ಕಿರುಗುಟ್ಟುತ್ತದೆ ಎಂದು ಅಣ್ಣ ಹೊಲಿಗೆ ಮಿಷನ್ನಿನ ಎಣ್ಣೆ ಬಿಟ್ಟ. ಎಣ್ಣೆಗೆ ಕಾರ್ಪೆಟ್ಟಿನ ನಾರು, ದೂಳು ಅಂಟಿ ಕುರ್ಚಿ ಇನ್ನಷ್ಟು ಜರ್ಕು ಹೊಡೆಯತೊಡಗಿತು. ಒಣ ಬಟ್ಟೆಯಲ್ಲಿ ಒರೆಸುವುದೊಂದೇ ನಮ್ಮ ಕೆಲಸ, ಯಾವ ಗ್ರೀಸ್ ಎಂಬುದು ತಯಾರಕರು ಹೇಳಿದ್ದು ಮಾತ್ರ.

ನಾವು ಕೈ ಹಾಕದ ಕೆಲಸಗಳೂ ಇವೆ. ಕವಚ ಬಿಚ್ಚುವುದಿಲ್ಲ, ಗೋಡೆಯ ಪ್ಲಗ್ ಕಿತ್ತರೂ ಒಳಗೆ ಬ್ಯಾಟರಿಯ ಕರೆಂಟು ಇದ್ದೇ ಇರುತ್ತದೆ. ಸುಟ್ಟ ವಾಸನೆ, ಮೆಟ್ಟಿಲಿಗೆ ಹಳಿ ಕೂರಿಸಿದ ಬೋಲ್ಟ್ ಸಡಿಲ, ನಿಲ್ಲಬೇಕಾದ ಕಡೆ ನಿಲ್ಲದೆ ಮುಂದೆ ಜಾರುವುದು, ಇವುಗಳಲ್ಲಿ ಯಾವುದು ಕಂಡರೂ ಅಮ್ಮನನ್ನು ಕೂರಿಸುವುದಿಲ್ಲ. ಪದೇಪದೇ ನಿಲ್ಲುತ್ತದೆಂದು ಸಂವೇದಕಕ್ಕೆ ಟೇಪ್ ಸುತ್ತುವ ಜಾಣರೂ ನಮ್ಮಲ್ಲಿದ್ದಾರೆ. ಅದು ಕಾರಿನ ಬ್ರೇಕ್ ಕಿತ್ತಂತೆ. ಕ್ಯಾಲಿಫೋರ್ನಿಯಾದಲ್ಲಿ ಇಂಥ ಕೆಲಸದವರ ಪರವಾನಗಿ ಇದೆಯೇ ಎಂದು ಕಾಂಟ್ರಾಕ್ಟರ್ಸ್ ಸ್ಟೇಟ್ ಲೈಸೆನ್ಸ್ ಬೋರ್ಡ್‌ನಲ್ಲಿ ಉಚಿತವಾಗಿ ನೋಡಬಹುದು.

ಕರೆಂಟು ಹೋದರೆ? ಊರಿನಿಂದ ಮೊದಲು ಬರುವ ಪ್ರಶ್ನೆ ಇದೇ. ಇಲ್ಲಿ ಕರೆಂಟು ಹೋಗುವುದೇ ಇಲ್ಲ ಎಂಬುದು ಸುಳ್ಳು. 2011ರ ಸೆಪ್ಟೆಂಬರ್ 8ರಂದು ಇಡೀ ಸ್ಯಾನ್ ಡಿಯಾಗೊ ಕತ್ತಲಲ್ಲಿ ಮುಳುಗಿತ್ತು. ಒಣಗಾಳಿ ಎದ್ದಾಗ ತಂತಿಯಿಂದ ಕಾಡಿಗೆ ಕಿಡಿ ಬೀಳದಿರಲೆಂದು ವಿದ್ಯುತ್ ಕಂಪನಿಗಳೇ ಬೇಕೆಂದು ಕರೆಂಟು ತೆಗೆಯುವುದೂ ಇದೆ. 2025ರ ಜನವರಿ 7ರ ಸಂಜೆ ಪಸಡೀನದ ಬಗಲಿನ ಈಟನ್ ಕಣಿವೆಯಲ್ಲಿ ಬೆಂಕಿ ಹೊತ್ತಿಕೊಂಡಾಗ ಅಮ್ಮ ಅಣ್ಣನ ಮನೆಯ ಮಹಡಿಯಲ್ಲಿ ಮಲಗಿದ್ದರು. ಗಾಳಿ ಮರಗಳನ್ನು ಮುರಿಯುತ್ತಿತ್ತು, ಕರೆಂಟು ಹೋಗಿತ್ತು, ಮನೆ ಖಾಲಿ ಮಾಡಿ ಎಂಬ ಸಂದೇಶ ಫೋನಿಗೆ ಬಂತು. ಅಣ್ಣ ಅಮ್ಮನನ್ನು ಹೆಗಲ ಮೇಲೆ ಹೊರುವ ಲೆಕ್ಕ ಹಾಕುತ್ತಿದ್ದ. ಅಮ್ಮ ಟಾರ್ಚ್ ಹಿಡಿದು, ಬೆಲ್ಟ್ ಹಾಕಿಕೊಂಡು, ಮಾತ್ರೆ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ತಾವಾಗಿಯೇ ಇಳಿದು ಬಂದರು. ಚಾರ್ಜ್ ತುಂಬಿದ ಬ್ಯಾಟರಿ ಕರೆಂಟಿಲ್ಲದೆಯೂ ಹಲವು ಸಲ ಏರಿಸಿ ಇಳಿಸುತ್ತದೆ. ನಡುರಾತ್ರಿ ಕಳೆದ ಮೇಲೆ ಅವರೆಲ್ಲ ನಮ್ಮ ಮನೆ ತಲುಪಿದರು. ಅಣ್ಣನ ಮನೆಗೆ ಬೆಂಕಿ ತಾಗಲಿಲ್ಲ; ಅವನ ಬೀದಿಯಿಂದ ಸ್ವಲ್ಪವೇ ಮೇಲಿನ ಆಲ್ಟಡೀನದಲ್ಲಿ ಸಾವಿರಾರು ಮನೆಗಳು ಹೋದವು.

ಹಣದ ಮಾತು. ಹಿರಿಯರ ಸರ್ಕಾರಿ ಆರೋಗ್ಯ ವಿಮೆಯಾದ ಮೆಡಿಕೇರ್ ಮೂಲ ಯೋಜನೆಯಲ್ಲಿ ಈ ಕುರ್ಚಿಗೆ ದುಡ್ಡು ಕೊಡುವುದಿಲ್ಲ. ವೈದ್ಯಕೀಯ ಅಗತ್ಯಕ್ಕೆ ಹಾಕಿಸಿದ ಲಿಫ್ಟನ್ನು ಆದಾಯ ತೆರಿಗೆಯಲ್ಲಿ ವೈದ್ಯಕೀಯ ಖರ್ಚಾಗಿ ತೋರಿಸಲು ಅವಕಾಶವಿದೆ. ಆದರೆ ಒಟ್ಟು ವೈದ್ಯಕೀಯ ಖರ್ಚಿನಲ್ಲಿ ಆದಾಯದ 7.5 ಶೇಕಡಾ ಮೀರಿದ್ದಕ್ಕೆ ಮಾತ್ರ, ಅದಕ್ಕೂ ಷರತ್ತುಗಳಿವೆ, ಲೆಕ್ಕಿಗರನ್ನು ಕೇಳಿ. ಬಳಸಿದ ಕುರ್ಚಿ ಅಗ್ಗಕ್ಕೆ ಸಿಗುತ್ತದೆ. ನೇರ ಮೆಟ್ಟಿಲಿನದಾದರೆ ಹಳಿ ಕತ್ತರಿಸಿ ಹೊಂದಿಸಬಹುದು. ತಿರುವಿನ ಮೆಟ್ಟಿಲಿನದು ಆ ಒಂದು ಮನೆಗೆಂದೇ ಬಗ್ಗಿಸಿ ಮಾಡಿದ್ದು, ಇನ್ನೊಂದು ಮನೆಗೆ ಬಾರದು.

ಈಗ ಬೆಂಗಳೂರು, ಮೈಸೂರಿನಲ್ಲೂ ಮಕ್ಕಳು ಹೊರಗಿದ್ದು ಅಪ್ಪ-ಅಮ್ಮ ಇಬ್ಬರೇ ಇರುವ ಮಹಡಿ ಮನೆಗಳಿಗೆ ಈ ಕುರ್ಚಿ ಹಾಕಿಸುತ್ತಿದ್ದಾರೆ. ಅಂಥವರಿಗೆ ಅಮ್ಮನ ನೋಟ್‌ಬುಕ್ಕಿನ ಕೊನೆಯ ಪುಟ ಉಪಯೋಗಕ್ಕೆ ಬರಬಹುದು. ಕೊಳ್ಳುವಾಗ ಒಳಗಿನ ಬ್ಯಾಟರಿಯ ಅಳತೆ ಬರೆಸಿಕೊಳ್ಳಿ. ಎಷ್ಟೋ ಮಾದರಿಗಳಲ್ಲಿ ಇರುವುದು ಕಂಪ್ಯೂಟರಿನ ಯುಪಿಎಸ್‌ಗೆ ಹಾಕುವ 12 ವೋಲ್ಟಿನ ಮುಚ್ಚಿದ ಬ್ಯಾಟರಿಯೇ, ಕಂಪನಿಯವರು ತಡಮಾಡಿದರೂ ಪೇಟೆಯಲ್ಲಿ ಸಿಗುತ್ತದೆ. ಹಾಕುವುದನ್ನು ಮಾತ್ರ ತಿಳಿದವರೇ ಹಾಕಲಿ. ಕುರ್ಚಿ ಕೂರಿಸಲು ಬಂದವರು ಮಗನಿಗೆ ವಿಡಿಯೋ ಕಾಲ್‌ನಲ್ಲಿ ವಿವರಿಸಿ ಹೋಗುವುದು ಬೇಡ, ಅದರಲ್ಲಿ ಕೂರುವವರಿಗೇ ತೋರಿಸಲಿ. ಕೂತವರ ಕೈಗೆ ಸಿಗುವ ಕಡೆ ಒಂದು ಫೋನ್ ಇರಲಿ. ಊರಿಗೆ ಹೋಗುವಾಗ ಪ್ಲಗ್ ಕೀಳಬೇಡಿ ಎಂಬ ಸಾಲಿನ ಕೆಳಗೆ ಅಮ್ಮ ಎರಡು ಗೆರೆ ಎಳೆದಿದ್ದಾರೆ.