ಗಾಳ, ಗುಂಡು, ಬೆಂಡು: ಮನೆಯಲ್ಲಿ ಮಾಡುವ ಮೀನುಗಾಳವೂ ಗಡಿನಾಡ ಕನ್ನಡದ ಪದಗಳೂ

ಸಂಸ್ಕೃತ ಪಾಠ ಹೇಳಿಕೊಂಡು ಬದುಕಿದವನು ಮೀನು ಹಿಡಿಯುವ ಗಾಳದ ಬಗ್ಗೆ ಪ್ರಬಂಧ ಓದುವುದೇನು ಅಂತ ಸಭೆಯಲ್ಲಿ ಕೆಲವರಿಗೆ ಅನ್ನಿಸಬಹುದು. ಕಾರಣ ಹೇಳಿಬಿಡುತ್ತೇನೆ. ಬಹಳ ವರ್ಷಗಳ ಹಿಂದೆ ಅಮರಕೋಶದ ವಾರಿವರ್ಗವನ್ನು ಪಾಠ ಮಾಡುತ್ತಿದ್ದೆ. ‘ಬಡಿಶ’ ಎಂದರೆ ಗಾಳ, ‘ಮತ್ಸ್ಯವೇಧನ’ವೂ ಅದೇ, ಅಂದರೆ ಕೊಕ್ಕೆ ಎಂದು ಅರ್ಥ ಹೇಳಿ ಮುಂದಕ್ಕೆ ಹೋದೆ. ಹಿಂದಿನ ಬೆಂಚಿನಲ್ಲಿದ್ದ ಮೊಗೇರರ ಹುಡುಗನೊಬ್ಬ ಎದ್ದು ನಿಂತು, “ಸಾರ್, ಕೊಕ್ಕೆ ಬೇರೆ, ಗಾಳ ಬೇರೆ. ಕೊಕ್ಕೆಗೆ ಮುಳ್ಳಿಲ್ಲ. ನಿಮ್ಮ ಬಡಿಶಕ್ಕೆ ಮುಳ್ಳಿದೆಯಾ?” ಎಂದು ಕೇಳಿದ. ನನಗೆ ಉತ್ತರ ಗೊತ್ತಿರಲಿಲ್ಲ. ಮರುದಿನ ಅವನು ಕಾಗದದಲ್ಲಿ ಸುತ್ತಿ ತಂದ ಗಾಳದ ತುದಿಯಲ್ಲಿ ಹಿಂದಕ್ಕೆ ತಿರುಗಿದ ಸಣ್ಣ ಮುಳ್ಳೊಂದಿತ್ತು. ಕಣ್ಣಿನ ಬಳಿ ಸೀಸದ ಗುಂಡು ಕೂತಿತ್ತು. ಪದದ ಅರ್ಥ ನನಗೆ ಬಂದದ್ದು ಆ ದಿನ.

ಉಪಭಾಷೆಯ ಪದ ಸಂಗ್ರಹಕ್ಕೆ ಹೊರಟವರಿಗೆ ಇದೇ ತೊಂದರೆ. ‘ಗಾಳ: ಮೀನು ಹಿಡಿಯುವ ಸಾಧನ’ ಎಂದು ಬರೆದುಕೊಂಡು ಬಂದರೆ ಪದ ಸಿಕ್ಕಿತು, ವಸ್ತು ಸಿಗಲಿಲ್ಲ. ವಸ್ತುವನ್ನು ಮಾಡುವ ಕ್ರಮ ತಿಳಿದರೆ ಮಾತ್ರ ಅದರ ಅಂಗಾಂಗಗಳ ಹೆಸರು ಕೇಳುವುದಕ್ಕೆ ಬಾಯಿ ಬರುತ್ತದೆ. ಆದ್ದರಿಂದ ಪ್ರಸ್ತುತ ಪ್ರಬಂಧದಲ್ಲಿ ಮೊದಲು ಪರಂಪರೆಯನ್ನು, ಆಮೇಲೆ ತಯಾರಿಕೆಯನ್ನು, ಕೊನೆಗೆ ಪದಗಳ ವಿಚಾರವನ್ನು ಹೇಳಲಾಗಿದೆ.

1. ಪರಂಪರೆ

ಗಾಳ ಹಾಕುವುದು ಕೇವಲ ಹೊಟ್ಟೆಪಾಡಿನ ಕೆಲಸವಲ್ಲ, ಅದು ವಿನೋದವೂ ಹೌದು ಎಂದು ಬರೆದಿಟ್ಟವನು ನಮ್ಮ ನಾಡಿನ ಅರಸನೇ. ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರ ಕ್ರಿ.ಶ. 1130ರ ಸುಮಾರಿಗೆ ರಚಿಸಿದ ಮಾನಸೋಲ್ಲಾಸದಲ್ಲಿ ಐದು ವಿಂಶತಿಗಳಿವೆ. ನಾಲ್ಕನೆಯದಾದ ವಿನೋದವಿಂಶತಿಯಲ್ಲಿ ‘ಮತ್ಸ್ಯವಿನೋದ’ ಎಂಬ ಒಂದು ಅಧ್ಯಾಯವೇ ಇದೆ. ಸಮುದ್ರದ ಮೀನು, ನದಿಯ ಮೀನು, ಪೊರೆಯುಳ್ಳದ್ದು, ಪೊರೆಯಿಲ್ಲದ್ದು ಎಂಬ ವಿಂಗಡಣೆ, ಮೀನುಗಳಿಗೆ ಹಾಕುವ ಆಹಾರ, ಕೋಲು, ದಾರ, ಗಾಳ ಎಲ್ಲವೂ ಅಲ್ಲಿ ಬರುತ್ತವೆ. ಕಲ್ಯಾಣ ಇಂದಿನ ಬಸವಕಲ್ಯಾಣ. ಸೊಲ್ಲಾಪುರ, ಅಕ್ಕಲಕೋಟೆಗಳು ಅಲ್ಲಿಗೆ ದೂರವಲ್ಲ. ಭೀಮೆಯ ದಡದಲ್ಲಿ ಇವತ್ತು ಗಾಳ ಹಾಕುವವನು ತಿಳಿಯದೆಯೇ ಆ ಅಧ್ಯಾಯಕ್ಕೆ ವ್ಯಾಖ್ಯಾನ ಬರೆಯುತ್ತಿದ್ದಾನೆ ಅಂದರೆ ಉತ್ಪ್ರೇಕ್ಷೆಯಾಗದು.

ಅಮರಕೋಶ ಬಲೆಗೆ ಆನಾಯ, ಜಾಲ ಎನ್ನುತ್ತದೆ; ಮೀನು ಹಾಕುವ ಬುಟ್ಟಿಗೆ ಕುವೇಣಿ, ಮತ್ಸ್ಯಾಧಾನಿ ಎನ್ನುತ್ತದೆ. ಸುಶ್ರುತ ಹೇಳುವ ಇಪ್ಪತ್ತು ಶಸ್ತ್ರಗಳಲ್ಲಿಯೂ ಬಡಿಶ ಒಂದು. ಹೆಸರು ಒಂದೇ, ವೈದ್ಯನಿಗೆ ಬೇಕಾದದ್ದು ಒಂದು ಬಗೆ, ಬೆಸ್ತನಿಗೆ ಬೇಕಾದದ್ದು ಇನ್ನೊಂದು ಬಗೆ. ಹುಡುಗನ ಪ್ರಶ್ನೆ ಎಷ್ಟು ಸರಿಯಾಗಿತ್ತು ನೋಡಿ.

2. ಗುಂಡುಗಾಳ ಮಾಡುವ ಕ್ರಮ

ಹಳೆಯ ರೀತಿಯಲ್ಲಿ ಗಾಳ ಬೇರೆ, ಗುಂಡು ಬೇರೆ, ಬೆಂಡು ಬೇರೆ. ಗುಂಡು ಮುಳುಗಿಸುತ್ತದೆ, ಬೆಂಡು ತೇಲಿಸುತ್ತದೆ, ಎರೆ ಕರೆಯುತ್ತದೆ. ಅಮೆರಿಕದಲ್ಲಿ ‘ಬ್ಯಾಸ್’ ಎಂಬ ಸಿಹಿನೀರಿನ ಮೀನಿಗಾಗಿ ಬಳಸುವ ‘ಜಿಗ್’ ಎಂಬುದರಲ್ಲಿ ಗಾಳದ ತಲೆಗೇ ಸೀಸ ಎರಕ ಹೊಯ್ದು, ಎರೆಯ ಬದಲಿಗೆ ಪುಕ್ಕವನ್ನೋ ರಬ್ಬರಿನ ಎಳೆಗಳನ್ನೋ ಕಟ್ಟಿರುತ್ತಾರೆ. ಆ ಮೀನು ನಮ್ಮ ಹೊಳೆಗಳ ಮೂಲನಿವಾಸಿಯಲ್ಲ. ಆದರೆ ‘ಸೀಬಾಸ್’ ಎಂದು ಹೋಟೆಲಿನವರು ಕರೆಯುವ ಮೀನು ನಮ್ಮ ಅಳಿವೆಗಳಲ್ಲಿದೆ. ಅದಕ್ಕೂ ಕೆರೆಯ ಕೊರವನಿಗೂ ಇಂಥ ಗಾಳ ಹಾಕುವ ತರುಣರು ಈಗ ಕಾಸರಗೋಡಿನ ಚಂದ್ರಗಿರಿ ಹೊಳೆಯ ಬದಿಯಲ್ಲಿ ಕಾಣಸಿಗುತ್ತಾರೆ. ಅಂಗಡಿಯದ್ದು ಬಂಡೆಗೆ ಸಿಕ್ಕಿ ಹರಿದುಹೋದರೆ ದುಡ್ಡು ನೀರಿಗೆ ಹೋದಂತೆ. ಹಾಗಾಗಿ ಮನೆಯಲ್ಲೇ ಮಾಡಿಕೊಳ್ತಾರೆ.

ಗಾಳದ ಆಯ್ಕೆ. ಗಾಳದ ನಂಬರಿನಲ್ಲಿ ಒಂದು ತಿರುವು ಇದೆ. 2, 4, 6 ಎಂದು ಅಂಕೆ ಏರಿದಂತೆ ಗಾಳ ಸಣ್ಣದಾಗುತ್ತದೆ. 1/0, 2/0, 3/0 ಎಂದು ಏರಿದರೆ ದೊಡ್ಡದಾಗುತ್ತದೆ. ಗುಂಡುಗಾಳಕ್ಕೆ ಕಣ್ಣಿನ ಹತ್ತಿರ ಕಡ್ಡಿ ಬಾಗಿರುವ ಗಾಳ ಬೇಕು. ಹಾಗೆ ಬಾಗಿದ್ದರೆ ದಾರ ಕಟ್ಟುವ ಕಣ್ಣು ಮೇಲಕ್ಕೆ ಬರುತ್ತದೆ, ಸೀಸದ ಭಾರ ಕೆಳಗೆ ತೂಗುತ್ತದೆ, ಗಾಳದ ಮೊನೆ ಮೇಲ್ಮುಖವಾಗಿ ನಿಲ್ಲುತ್ತದೆ. ಮೊನೆ ಮೇಲಿದ್ದರೆ ತಳದ ಕಲ್ಲಿಗೂ ಬೇರಿಗೂ ಸಿಕ್ಕುವುದು ಕಡಿಮೆ. ನೇರ ಗಾಳವನ್ನು ಇಕ್ಕಳದಲ್ಲಿ ಬಾಗಿಸಹೋದರೆ ಟಕ್ ಅಂತ ಮುರಿಯುತ್ತದೆ, ಏಕೆಂದರೆ ಅದು ಹದ ಕೊಟ್ಟ ಉಕ್ಕು. ಬೆಂಕಿಗೆ ಹಿಡಿದು ಬಾಗಿಸಿದರೆ ಮುರಿಯದು, ಆದರೆ ಕಾದ ಜಾಗದ ಹದ ಹೋಗುತ್ತದೆ. ಆದ್ದರಿಂದ ಬಾಗಿದ ಗಾಳವನ್ನೇ ಕೊಳ್ಳುವುದು ಒಳ್ಳೆಯದು.

ಅಚ್ಚು. ಬೇಕಾದ ಆಕಾರದ ತಲೆಯನ್ನು ಮೊದಲು ಜೇಡಿಮಣ್ಣಿನಿಂದಲೋ ಮೇಣದಿಂದಲೋ ಗಾಳದ ಮೇಲೆ ಮಾಡಬೇಕು. ಅದನ್ನು ಪ್ಲಾಸ್ಟರ್ ಆಫ್ ಪ್ಯಾರಿಸ್‌ನಲ್ಲಿ ಅರ್ಧ ಮುಳುಗುವಂತೆ ಕೂರಿಸಿ, ಗಟ್ಟಿಯಾದ ಮೇಲೆ ಮೇಲ್ಮೈಗೆ ಎಣ್ಣೆ ಸವರಿ, ಇನ್ನರ್ಧ ಹೊಯ್ಯಬೇಕು. ಎರಡು ಹೋಳು ಬಿಡಿಸಿ, ಮಾದರಿಯನ್ನು ತೆಗೆದು, ಸೀಸ ಇಳಿಯಲು ಆಲಿಕೆಯಂಥ ಒಂದು ದಾರಿ ಕೊರೆಯಬೇಕು. ಆಮೇಲೆ ಹಲವು ದಿನ ಬಿಸಿಲಲ್ಲಿ ಒಣಗಿಸಿ, ಕೊನೆಗೆ ಮಂದವಾದ ಶಾಖದಲ್ಲಿ ಬೆಚ್ಚಗೆ ಮಾಡಬೇಕು. ಒಂದು ಹನಿ ತೇವ ಉಳಿದರೂ ಅದು ಕಾದ ಸೀಸದ ಅಡಿಯಲ್ಲಿ ಹಬೆಯಾಗಿ ಸಿಡಿದು ಸೀಸ ಮುಖಕ್ಕೆ ಹಾರುತ್ತದೆ. ಇದು ಹೆದರಿಸುವುದಕ್ಕೆ ಹೇಳಿದ ಮಾತಲ್ಲ.

ಎರಕ. ಸೀಸ ಕರಗುವುದು 327 ಡಿಗ್ರಿ ಸೆಲ್ಸಿಯಸ್‌ನಲ್ಲಿ, ತವರ 232ರಲ್ಲಿ. ದಪ್ಪ ಕಬ್ಬಿಣದ ಸೌಟಿನಲ್ಲಿ ಕರಟದ ಇದ್ದಿಲಿನ ಮೇಲೆ ಸೀಸ ಕರಗುತ್ತದೆ. ಅದರ ಮೇಲೆ ಬರುವ ಬೂದುಬಣ್ಣದ ಕಿಟ್ಟವನ್ನು ಬದಿಗೆ ಸರಿಸಿ, ಗಾಳವನ್ನು ಅಚ್ಚಿನಲ್ಲಿ ಕೂರಿಸಿ, ಹೋಳುಗಳನ್ನು ಬಿಗಿಯಾಗಿ ಕಟ್ಟಿ, ಒಂದೇ ಧಾರೆಯಲ್ಲಿ ಹೊಯ್ಯಬೇಕು. ನಿಲ್ಲಿಸಿ ನಿಲ್ಲಿಸಿ ಹೊಯ್ದರೆ ಪದರ ಪದರವಾಗಿ ತಲೆ ಬಿರಿಯುತ್ತದೆ. ಆರಿದ ಮೇಲೆ ಬಾಲವನ್ನು ಕತ್ತರಿಸಿ, ಅಂಚನ್ನು ಅರದಿಂದ ಉಜ್ಜಬೇಕು. 7 ಗ್ರಾಂ ತಲೆ ನಿಂತ ನೀರಿಗೆ ಸಾಕು. ಹರಿವಿರುವ ಅಳಿವೆಗೆ 14 ಗ್ರಾಂ ಅಥವಾ ಹೆಚ್ಚು ಬೇಕಾಗುತ್ತದೆ.

ಸೀಸ ವಿಷ, ಮಕ್ಕಳಿಗಂತೂ ವಿಶೇಷವಾಗಿ. ಬಯಲಿನಲ್ಲಿ, ಗಾಳಿಗೆ ಬೆನ್ನು ಹಾಕಿ ಕೆಲಸ ಮಾಡಬೇಕು; ಆ ಸೌಟು ಮತ್ತೆ ಅಡಿಗೆಮನೆಗೆ ಹೋಗಕೂಡದು; ಕೈ ತೊಳೆಯದೆ ಊಟಕ್ಕೆ ಕೂರಬಾರದು; ಗುಂಡನ್ನು ಹಲ್ಲಿನಲ್ಲಿ ಕಚ್ಚಿ ಬಿಗಿಮಾಡುವ ಅಭ್ಯಾಸವನ್ನು ಬಿಡಬೇಕು. ನೀರಿನಲ್ಲಿ ಕಳೆದುಹೋದ ಗುಂಡನ್ನು ನುಂಗಿ ಹಂಸಗಳು ಸತ್ತವೆಂದು ಬ್ರಿಟನ್ನಿನಲ್ಲಿ 1987ರಿಂದ 28 ಗ್ರಾಮಿನವರೆಗಿನ ಬಹುಪಾಲು ಸೀಸದ ಗುಂಡುಗಳ ಮಾರಾಟವನ್ನೇ ನಿಲ್ಲಿಸಿದರು. ಕರಗಿಸುವ ಗೋಜು ಬೇಡವೆಂದರೆ ತವರದ ತಗಡನ್ನು ಕಡ್ಡಿಗೆ ಸುತ್ತಿ ಸುತ್ತಿಗೆಯಿಂದ ಮೆಲ್ಲಗೆ ಬಡಿಯಬಹುದು. ಅಂದ ಕಡಿಮೆ, ಕೆಲಸ ನಡೆಯುತ್ತದೆ.

ಅಲಂಕಾರ ಮತ್ತು ಪರೀಕ್ಷೆ. ತಲೆಯ ಹಿಂದೆ ಹುಂಜದ ಪುಕ್ಕವನ್ನೋ ಆಡಿನ ಕೂದಲನ್ನೋ ದಾರದಿಂದ ಬಿಗಿದು, ಗಂಟಿನ ಮೇಲೆ ವಾರ್ನಿಷ್ ಹಚ್ಚಿದರೆ ನೀರಿನಲ್ಲಿ ಅದು ಮರಿಮೀನಿನಂತೆ ಅಲುಗುತ್ತದೆ. ಮೊನೆಯನ್ನು ಹೆಬ್ಬೆರಳ ಉಗುರಿನ ಮೇಲೆ ಓರೆಯಾಗಿ ಇಟ್ಟು ಎಳೆಯಬೇಕು: ಕಚ್ಚಿಕೊಂಡರೆ ಹರಿತ, ಜಾರಿದರೆ ಮೊಂಡು. ಮೊಂಡಾದರೆ ಸಣ್ಣ ಅರದಿಂದ ಎರಡು ಮೂರು ಸಲ ತೀಡಿದರೆ ಸಾಕು. ದಾರವನ್ನು ಬೆರಳುಗಳ ನಡುವೆ ಎಳೆದು ನೋಡಿ. ಎಲ್ಲಿಯಾದರೂ ತರಕಾದರೆ ಅಷ್ಟನ್ನು ಕತ್ತರಿಸಿ ಹೊಸ ಗಂಟು ಹಾಕಬೇಕು. ನೈಲಾನಿನ ಗಂಟನ್ನು ಬಿಗಿಯುವ ಮುನ್ನ ಒದ್ದೆ ಮಾಡಬೇಕು, ಇಲ್ಲವಾದರೆ ಉಜ್ಜಿದ ಶಾಖಕ್ಕೆ ಎಳೆ ಬಲಗುಂದುತ್ತದೆ.

3. ಪದಗಳು

ಈಗ ಮುಖ್ಯ ವಿಚಾರ. ಗಾಳ ಎಂಬ ಪದಕ್ಕೆ ತೆಲುಗಿನಲ್ಲಿ ಗಾಲಮು, ಮರಾಠಿಯಲ್ಲಿ ಗಳ. ಹೀಗಾಗಿ ಆದವಾನಿಯಲ್ಲಿಯೂ ಅಕ್ಕಲಕೋಟೆಯಲ್ಲಿಯೂ ಕನ್ನಡಿಗನ ಗಾಳಕ್ಕೆ ಸುತ್ತಲಿನ ಭಾಷೆಯ ಆಸರೆ ಇದೆ. ತಮಿಳಿನಲ್ಲಿ ತೂಂಡಿಲ್, ಮಲಯಾಳದಲ್ಲಿ ಚೂಂಡ. ಹೊಸೂರು, ತಾಳವಾಡಿ, ಕಾಸರಗೋಡುಗಳಲ್ಲಿ ಗಾಳ ಎಂಬುದು ತನ್ನ ಬಲದಲ್ಲೇ ನಿಲ್ಲಬೇಕು. ಕ್ರಿಯಾಪದವನ್ನೂ ಗಮನಿಸಬೇಕು: ಮಲಯಾಳದಲ್ಲಿ ಚೂಂಡ ‘ಇಡುತ್ತಾರೆ’, ಕನ್ನಡದಲ್ಲಿ ಗಾಳ ‘ಹಾಕುತ್ತಾರೆ’. ನಾಮಪದ ಕನ್ನಡವಾಗಿ ಉಳಿದು ಕ್ರಿಯಾಪದ ನೆರೆಯದಾಗಿದೆಯೇ ಎಂದು ಸಂಗ್ರಾಹಕರು ಕಿವಿಗೊಟ್ಟು ಕೇಳಬೇಕು.

ಎರೆ ಇನ್ನೂ ಸ್ವಾರಸ್ಯ. ತಮಿಳು ಇರೈ, ಮಲಯಾಳ ಇರ, ತೆಲುಗು ಎರ, ಕನ್ನಡ ಎರೆ. ನಾಲ್ಕೂ ಒಂದೇ ಬೇರಿನವು. ಎರೆಹುಳುವಿನ ಹೆಸರಿನಲ್ಲಿ ಗಾಳದ ನೆನಪಿದೆ. ಮರಾಠಿಯಲ್ಲಿ ಮಾತ್ರ ಆಮಿಷ. ಸಂಸ್ಕೃತದಲ್ಲಿ ಆಮಿಷವೆಂದರೆ ಮಾಂಸ. ಗಾಳಕ್ಕೆ ಚುಚ್ಚಿದ ಮಾಂಸದಿಂದ ‘ಆಸೆ ತೋರಿಸುವುದು’ ಎಂಬ ಅರ್ಥ ಬಂತು. ಚುನಾವಣೆಯ ಕಾಲದಲ್ಲಿ ನಾವು ಪತ್ರಿಕೆಯಲ್ಲಿ ಓದುವ ಆಮಿಷದ ಹಿಂದೆಯೂ ಒಂದು ಗಾಳವಿದೆ!

ಮೀನಿನ ಹೆಸರುಗಳಲ್ಲಿ ಧ್ವನಿನಿಯಮ ನಿಚ್ಚಳವಾಗಿ ಕಾಣುತ್ತದೆ. ತಮಿಳಿನ ವಾಳೈ, ಮಲಯಾಳದ ವಾಳ ಕನ್ನಡದಲ್ಲಿ ಬಾಳೆ. ಪದಾದಿಯ ವಕಾರ ಬಕಾರವಾದದ್ದು. ಬಾಳೆಯ ಗಿಡವೂ ನಮಗೆ ಬಾಳೆಯೇ. ಆದರೆ ಹಳಗನ್ನಡದಲ್ಲಿ ಗಿಡಕ್ಕೆ ೞಕಾರವಿತ್ತು, ಬಾೞೆ. ಆ ಅಕ್ಷರ ಹೋದ ಮೇಲೆ ಗಿಡವೂ ಮೀನೂ ಒಂದೇ ಉಚ್ಚಾರಕ್ಕೆ ಬಂದವು. ಮಲಯಾಳದಲ್ಲಿ ಆ ಭೇದ ಇಂದಿಗೂ ಜೀವಂತ. ಮಾತಿನಲ್ಲಿ ಕನ್ನಡ, ಸಂತೆಯಲ್ಲಿ ಮಲಯಾಳ ಎಂದು ಬದುಕುವ ಕಾಸರಗೋಡಿನವನ ಕಿವಿಗೆ ನಾವು ವ್ಯಾಕರಣದಲ್ಲಿ ಓದುವ ೞಕಾರ ದಿನವೂ ಬೀಳುತ್ತದೆ.

ಮೇಲೆ ಹೇಳಿದ ಸೀಬಾಸ್ ಮೀನಿಗೆ ಕರಾವಳಿ ಕನ್ನಡದಲ್ಲಿ ಕುರುಡಿ, ಮಲಯಾಳದಲ್ಲಿ ಕಾಳಾಂಜಿ, ತಮಿಳಿನಲ್ಲಿ ಕೊಡುವಾ, ತೆಲುಗಿನಲ್ಲಿ ಪಂಡುಗಪ್ಪ, ಮರಾಠಿಯಲ್ಲಿ ಜಿತಾಡಾ, ಗೋವೆಯ ಕೊಂಕಣಿಯಲ್ಲಿ ಚೊಣಕ್. ಆರು ಹೆಸರಿಗೆ ಆರು ಬೇರು. ಎರೆಗೆ ಒಂದೇ ಬೇರು, ಮೀನಿಗೆ ಆರು. ಇದಕ್ಕೆ ಕಾರಣವೇನೆಂದು ಯೋಚಿಸತಕ್ಕದ್ದು.

ಉಪಕರಣಗಳ ಕಡೆ ಬನ್ನಿ. ಅಚ್ಚು ಎಂಬುದು ಕನ್ನಡ, ತಮಿಳು, ತೆಲುಗು, ಮಲಯಾಳಗಳಿಗೆ ಸಾಮಾನ್ಯ, ಮರಾಠಿಗೆ ಸಾಚಾ. ಅರ ತಮಿಳು ಮಲಯಾಳಗಳಲ್ಲಿ ಅರಂ. ತೆಲುಗಿನಲ್ಲಿ ಆಕುರಾಯಿ, ಮರಾಠಿಯಲ್ಲಿ ಕಾನಸ. ಬೆಂಡು ತೆಲುಗಿನಲ್ಲೂ ಬೆಂಡು. ತಮಿಳಿನಲ್ಲಿ ತಕ್ಕೈ, ಮಲಯಾಳದಲ್ಲಿ ಪೊಙ್ಙು. ಸೀಸದ ವಿಷಯದಲ್ಲಿ ಎಚ್ಚರ ಬೇಕು. ತಮಿಳಿನಲ್ಲಿ ಕಾರೀಯಂ ಎಂದರೆ ಸೀಸ, ವೆಳ್ಳೀಯಂ ಎಂದರೆ ತವರ. ಕರಿದು, ಬಿಳಿದು ಎಂಬ ವಿಶೇಷಣದಿಂದಲೇ ಭೇದ. ಬರೀ ‘ಈಯ’ ಎಂದು ಬರೆದುಕೊಂಡು ಬಂದ ಸಂಗ್ರಾಹಕನಿಗೆ ಅದು ಯಾವ ಲೋಹವೆಂದು ಗೊತ್ತಾಗದು. ಒಂದು ವಿಷ, ಇನ್ನೊಂದು ಪಾತ್ರೆಗೆ ಕಲಾಯಿ ಹಾಕುವಂಥದು. ಅರ್ಥ ತಪ್ಪಿದರೆ ನಿಘಂಟು ಮಾತ್ರವಲ್ಲ, ಆರೋಗ್ಯವೂ ಕೆಡುತ್ತದೆ.

4. ಉಪಸಂಹಾರ

ನಾನು ಕಂಡಂತೆ, ಪೇಟೆಯಿಂದ ಬಂದದ್ದಕ್ಕೆ ಪೇಟೆಯ ಹೆಸರು, ಕೈಯಿಂದ ಆದದ್ದಕ್ಕೆ ಮನೆಯ ಹೆಸರು. ಮಾರುವ ಮೀನಿಗೆ ಕೊಳ್ಳುವವರ ಭಾಷೆ ಅಂಟುತ್ತದೆ. ಮನೆಯ ಜಗಲಿಯಲ್ಲಿ ಕೂತು ಮಾಡುವ ಗಾಳಕ್ಕೆ, ಕಟ್ಟುವ ಬೆಂಡಿಗೆ, ಅಗೆದು ತರುವ ಎರೆಗೆ ತಾಯಿಮಾತು ಅಂಟಿಕೊಂಡಿರುತ್ತದೆ. ಪೊಟ್ಟಣದಲ್ಲಿ ಬರುವ ಜಿಗ್‌ಗೆ ‘ಜಿಗ್’ ಎಂಬ ಒಂದೇ ಹೆಸರು ಸಾಕು. ಅದನ್ನೇ ಮನೆಯಲ್ಲಿ ಮಾಡಹೊರಟರೆ ಕಣ್ಣು, ಕಡ್ಡಿ, ಮೊನೆ, ಮುಳ್ಳು, ತಲೆ, ಅಚ್ಚು, ಎರಕ, ಅರ, ಪುಕ್ಕ ಎಂದು ಒಂಬತ್ತು ಕನ್ನಡ ಪದಗಳು ಬಾಯಿಗೆ ಬರಲೇಬೇಕು. ಕೈಕೆಲಸ ನಿಂತಲ್ಲಿ ಪದವೂ ನಿಲ್ಲುತ್ತದೆ.

1956ರ ರಾಜ್ಯ ಪುನರ್ವಿಂಗಡಣೆಯ ನಂತರ ನಾವು ಶಾಲೆ, ಪಠ್ಯಪುಸ್ತಕ, ಬೋರ್ಡುಗಳ ಕನ್ನಡದ ಬಗ್ಗೆ ಸಾಕಷ್ಟು ಮಾತನಾಡಿದ್ದೇವೆ. ಅದು ಬೇಕಾದದ್ದೇ. ಆದರೆ ಮೊಗೇರರ, ಬೆಸ್ತರ, ಕಬ್ಬಲಿಗರ ಅಂಗಳಕ್ಕೆ ನಮ್ಮಲ್ಲಿ ಹೋದವರು ಕಡಿಮೆ. ಮಡಿಯ ಮನೆಯಲ್ಲಿ ಹುಟ್ಟಿದ ನಾನೂ ಹೋಗಲಿಲ್ಲ. ಹುಡುಗನೇ ನನ್ನಲ್ಲಿಗೆ ಬರಬೇಕಾಯಿತು. ಆದ್ದರಿಂದ ಕಿರಿಯ ಸಂಶೋಧಕರಲ್ಲಿ ಒಂದು ವಿನಂತಿ: ಪ್ರಶ್ನಾವಳಿಯ ಜೊತೆಗೆ ಒಂದು ಅರ, ಒಂದು ಇಕ್ಕಳ ತೆಗೆದುಕೊಂಡು ಹೋಗಿ. “ಇದಕ್ಕೆ ಏನಂತೀರಿ?” ಎಂದು ಕೇಳುವ ಮೊದಲು “ಇದನ್ನು ಹೇಗೆ ಮಾಡ್ತೀರಿ?” ಎಂದು ಕೇಳಿ, ಪಕ್ಕದಲ್ಲಿ ಕೂತು ಮಾಡಿ. ಪದ ತಾನಾಗಿ ಬರುತ್ತದೆ.

ಆ ಹುಡುಗ ಕೊಟ್ಟ ಗಾಳ ನನ್ನ ಅಮರಕೋಶದ ಪ್ರತಿಯ ಪಕ್ಕದಲ್ಲೇ ಇದೆ. ಸ್ವಲ್ಪ ತುಕ್ಕು ಹಿಡಿದಿದೆ. ಮುಳ್ಳು ಮಾತ್ರ ಇನ್ನೂ ಹರಿತವಾಗಿದೆ.